ಪೋಸ್ಟರಿನಲ್ಲಿ ಯಾರ ಮುಖ?

ಯೂಟ್ಯೂಬಿನಲ್ಲಿ 'ಎಂಜಾಯ್ ಎಂಜಾಮಿ' ವಿಡಿಯೋದ ತಲೆಬರಹವನ್ನು ಒಮ್ಮೆ ನಿಧಾನವಾಗಿ ಓದಿ. ಮೊದಲು ಧೀ. ಆಮೇಲೆ 'ಎಫ್‌ಟಿ' ಎಂಬ ಎರಡಕ್ಷರ. ಆಮೇಲೆ ಅರಿವು. ಅದಾದ ಮೇಲೆ ಹಾಡಿನ ಹೆಸರು, ಕೊನೆಗೆ ನಿರ್ಮಾಣ ಸಂತೋಷ್ ನಾರಾಯಣನ್ ಎಂಬ ಸೂಚನೆ. 'ಎಫ್‌ಟಿ' ಎಂದರೆ ಫೀಚರಿಂಗ್. ಹಾಡು ಒಬ್ಬರದು, ಜೊತೆಗೆ ಇನ್ನೊಬ್ಬರು ಬಂದಿದ್ದಾರೆ ಎಂದು ಹೇಳಲು ಸಂಗೀತ ವ್ಯಾಪಾರದವರು ಬಳಸುವ ಗುರುತು ಅದು. ಹಾಡಿನಲ್ಲಿರುವುದು ಅರಿವು ಅವರ ಅಜ್ಜಿ ವಳ್ಳಿಯಮ್ಮಾಳ್ ಕಥೆ. ಸಾಹಿತ್ಯ ಅರಿವು ಅವರದು. ಹೀಗಾಗಿ ಆ ತಲೆಬರಹದಲ್ಲಿ ಮೊಮ್ಮಗ ತನ್ನ ಅಜ್ಜಿಯ ಮನೆಗೇ ನೆಂಟನಾಗಿ ಬಂದಿದ್ದಾನೆ.

ಇದು ಅವಮಾನ ಮಾಡಲೆಂದೇ ಇಟ್ಟ ಪದ ಎಂದು ನಾನು ಹೇಳುತ್ತಿಲ್ಲ. ಯಾವ ಕಲಾವಿದರ ಹೆಸರಲ್ಲಿ ಹಾಡು ಬಿಡುಗಡೆಯಾಗುತ್ತದೋ ಅವರದು ಮೊದಲು, ಉಳಿದವರದು 'ಎಫ್‌ಟಿ' ನಂತರ ಎನ್ನುವುದು ವ್ಯಾಪಾರದ ರೂಢಿ. ಆದರೆ ನಾನು ಚೆನ್ನೈಯಲ್ಲಿ ಹದಿನಾಲ್ಕು ವರ್ಷದಿಂದ ಪೋಸ್ಟರ್, ಕರಪತ್ರ, ಹಾಡಿನ ಕವರುಗಳ ವಿನ್ಯಾಸ ಮಾಡಿಕೊಂಡಿರುವವನು. ತಲೆಬರಹದಲ್ಲಿ ಎರಡನೆಯದಾಗಿ ಬಂದ ಹೆಸರು ಪೋಸ್ಟರಿಗೆ ಬರುವ ಹೊತ್ತಿಗೆ ಸಣ್ಣದಾಗುತ್ತದೆ, ಹೋರ್ಡಿಂಗಿಗೆ ಬರುವ ಹೊತ್ತಿಗೆ ಇಲ್ಲವಾಗುತ್ತದೆ ಎನ್ನುವುದು ನನಗೆ ದಿನನಿತ್ಯದ ಅನುಭವ. ಹಾಗಾಗಿ ಈ ಹಾಡಿನ ವಿಡಿಯೋವನ್ನೂ ಅದರ ಸುತ್ತ ಹುಟ್ಟಿದ ಪ್ರಚಾರ ಸಾಮಗ್ರಿಯನ್ನೂ ಒಟ್ಟಿಗೆ ಇಟ್ಟು ಓದಬೇಕು ಅನ್ನಿಸಿತು. ವಿಮರ್ಶಕರು ಸಾಮಾನ್ಯವಾಗಿ ಹಾಡನ್ನು ಓದುತ್ತಾರೆ, ಅಪರೂಪಕ್ಕೆ ವಿಡಿಯೋವನ್ನು ಓದುತ್ತಾರೆ. ಕವರು, ಪೋಸ್ಟರುಗಳನ್ನು ಪೊಟ್ಟಣದ ಕಾಗದ ಎಂದು ಬಿಟ್ಟುಬಿಡುತ್ತಾರೆ.

2021ರ ಮಾರ್ಚಿನಲ್ಲಿ ಈ ಹಾಡು ಬಂದಾಗ ತಮಿಳು ಬಾರದವರೂ ಕುಣಿದರು. ಕನ್ನಡದವರಿಗಂತೂ ಅದರಲ್ಲಿ ಎರಡು ಸಣ್ಣ ಸುಖಗಳಿದ್ದವು. ಒಂದು, ಅರಿವು ಎಂಬ ಹೆಸರು. ತಮಿಳಿನಲ್ಲೂ ನಮ್ಮಲ್ಲೂ ಅದೇ ಪದ, ಅದೇ ಅರ್ಥ, ವಚನ ಓದಿದವರಿಗೆ ಇನ್ನಷ್ಟು ಆಪ್ತ. ಇನ್ನೊಂದು ಎಂಜಾಮಿ. 'ಎನ್ ಸಾಮಿ', ನನ್ನ ಸ್ವಾಮಿ, ನನ್ನೊಡೆಯ. ಧಣಿಯನ್ನು ಕರೆಯುವ ಮಾತೂ ಹೌದು, ಮಗುವನ್ನು ಮುದ್ದಿಸುವ ಮಾತೂ ಹೌದು. ನಮ್ಮ ಅಜ್ಜಿಯರು ಮೊಮ್ಮಕ್ಕಳನ್ನು 'ನನ್ನಪ್ಪ, ನನ್ ಸ್ವಾಮಿ' ಎನ್ನುವುದಿಲ್ಲವೇ, ಹಾಗೆ.

ವಳ್ಳಿಯಮ್ಮಾಳ್ ತಲೆಮಾರಿನವರು ಸಿಲೋನಿನ ಚಹಾ ತೋಟಗಳಲ್ಲಿ ಕೂಲಿ ಮಾಡಿ, ಕೈಯಲ್ಲಿ ತುಂಡು ನೆಲವಿಲ್ಲದೆ ಮರಳಿದವರು. 1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದ ನಂತರ ಅಲ್ಲಿಂದ ಲಕ್ಷಗಟ್ಟಲೆ ಜನ ಇಲ್ಲಿಗೆ ಬಂದರು. ನಮ್ಮ ಸುಳ್ಯ, ಪುತ್ತೂರಿನ ಕಡೆಯ ರಬ್ಬರ್ ತೋಟಗಳಲ್ಲಿ ಇವತ್ತಿಗೂ ಹಾಲು ಇಳಿಸುವವರಲ್ಲಿ ಆ ಕುಟುಂಬಗಳಿವೆ. ದಕ್ಷಿಣ ಕನ್ನಡದ ಓದುಗರು ಅವರನ್ನು ನೋಡಿಯೇ ಇರುತ್ತೀರಿ. ತೋಟ ಮಾಡಿದವರಿಗೆ ತೋಟದಲ್ಲಿ ಪಾಲಿಲ್ಲ ಎನ್ನುವುದು ಈ ಹಾಡಿನ ಒಡಲುರಿ. ಸಾವಿನ ಮನೆಯ ಅಳುವ ಹಾಡಾದ ಒಪ್ಪಾರಿಯ ಧಾಟಿ ಕುಣಿತದ ತಾಳದೊಳಗೆ ಸೇರಿಕೊಂಡಿರುವುದೂ ಅದಕ್ಕೇ.

ಈಗ ವಿಡಿಯೋಗೆ ಬರೋಣ. ಅಮಿತ್ ಕೃಷ್ಣನ್ ನಿರ್ದೇಶನ. ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಬಯಲು, ಕಾಡು, ಗಾಢ ಬಣ್ಣದ ಉಡುಗೆ, ಆಭರಣ, ಗುಂಪಾಗಿ ಜೋಡಿಸಿ ನಿಲ್ಲಿಸಿದ ಜನ. ವಳ್ಳಿಯಮ್ಮಾಳ್ ಸ್ವತಃ ಅದರಲ್ಲಿ ಇದ್ದಾರೆ, ಅವರು ಬಂದಾಗ ಚಿತ್ರಕ್ಕೆ ತಟ್ಟನೆ ತೂಕ ಬರುತ್ತದೆ. ಹೆಚ್ಚಿನ ಚೌಕಟ್ಟುಗಳನ್ನು ಎಲ್ಲಿ ನಿಲ್ಲಿಸಿದರೂ ಅದೊಂದು ಪೋಸ್ಟರ್ ಆಗುತ್ತದೆ. ನನ್ನ ಕಸುಬಿನವರಿಗೆ ಇದಕ್ಕಿಂತ ಹಬ್ಬ ಬೇಕೇ?

ನನ್ನ ತಕರಾರು ಅಲ್ಲೇ ಇರುವುದು. ಹಾಡಿನ ಮಾತಿನಲ್ಲಿ ನಿರ್ದಿಷ್ಟ ಚರಿತ್ರೆ ಇದೆ; ವಿಡಿಯೋ ಒತ್ತು ಕೊಟ್ಟಿರುವುದು ಕಾಲದೇಶಗಳಿಲ್ಲದ ಒಂದು 'ಬೇರು'ಗಳ ಲೋಕಕ್ಕೆ. ಚಹಾ ತೋಟದ ಲೈನ್ ಮನೆಗಳ ಮೇಲೆ, ವಾಪಸು ಬಂದ ಹಡಗಿನ ಮೇಲೆ ಅದರ ಕಣ್ಣಿಲ್ಲ. ನೆಲ ಎಲ್ಲ ಜೀವಗಳದ್ದು ಎಂದು ಹಾಡೇ ಹೇಳುವುದರಿಂದ ಕಾಡನ್ನು ತೋರಿಸಿದ್ದು ತಪ್ಪು ಎನ್ನಲಾರೆ. ಆದರೆ ಕೂಲಿಯ ಕಥೆ ಉಡುಗೆಯಾಗಿ ಮಾರ್ಪಟ್ಟಿತು. ಉಡುಗೆಯ ಗುಣವೆಂದರೆ ಅದನ್ನು ಯಾರು ಬೇಕಾದರೂ ತೊಡಬಹುದು. ವಳ್ಳಿಯಮ್ಮಾಳ್ ಇಲ್ಲದೆಯೂ, ಅವರ ಮೊಮ್ಮಗ ಇಲ್ಲದೆಯೂ ಆ ಬಣ್ಣ, ಆ ಆಭರಣ ಮುಂದಕ್ಕೆ ಹೋಗಬಲ್ಲದು. ಲೈನ್ ಮನೆಯ ಒಂದು ಬಾಗಿಲು ಚೌಕಟ್ಟಿನಲ್ಲಿದ್ದಿದ್ದರೆ ಅದು ಅಷ್ಟು ಸುಲಭವಾಗುತ್ತಿರಲಿಲ್ಲ.

ಇಲ್ಲಿ ಕತ್ತರಿಯ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ವಿಡಿಯೋ ಅಗಲವಾದದ್ದು, ಹದಿನಾರಕ್ಕೆ ಒಂಬತ್ತು. ಅದರಲ್ಲಿ ಇಪ್ಪತ್ತು ಜನ ಆರಾಮಾಗಿ ನಿಲ್ಲಬಹುದು. ಹಾಡು ಕೇಳಿಸುವ ಆ್ಯಪುಗಳ ಕವರು ಚೌಕ. ಫೋನಿನಲ್ಲಿ ಅದು ಹೆಬ್ಬೆರಳಿನ ಉಗುರಿನಷ್ಟು, ಹೆಚ್ಚೆಂದರೆ ಅದರ ಎರಡರಷ್ಟು. ಕಥೆ, ರೀಲ್ಸು, ಪತ್ರಿಕೆಯ ಮುಖಪುಟ ಇವೆಲ್ಲ ಉದ್ದುದ್ದ. ಸೆಟ್ಟಿನಲ್ಲಿ ತೆಗೆದ ಒಂದೇ ಫೋಟೋವನ್ನು ಈ ಎಲ್ಲಕ್ಕೂ ಹೊಂದಿಸಿ ಕೊಡಿ ಎಂದು ನಮಗೆ ಕಳಿಸುತ್ತಾರೆ. ನಾವು ಬದಿಗಳಿಂದ ಕತ್ತರಿಸುತ್ತ ಬರುತ್ತೇವೆ. ಮೊದಲು ಹೋಗುವುದು ಹಿನ್ನೆಲೆ, ಅಂದರೆ ಊರು. ಆಮೇಲೆ ಗುಂಪು. ಆಮೇಲೆ ವಾದ್ಯ ಹಿಡಿದವರು. ಮುದುಕರು ಇದ್ದರೆ ಅವರು. ಕೊನೆಗೆ ಉಳಿಯುವುದು ಒಂದೋ ಎರಡೋ ಮುಖ, ಅದೂ ಯುವ ಮುಖ. 'ದೂರದಿಂದ ನೋಡಿದರೂ ಗುರುತು ಸಿಗಬೇಕು ಸಾರ್' ಎಂದು ಗಿರಾಕಿ ಹೇಳುತ್ತಾನೆ, ಅವನು ಹೇಳುವುದೂ ಸುಳ್ಳಲ್ಲ. ಯಾರೂ ಕೂತು ಸಂಚು ಮಾಡಬೇಕಾಗಿಲ್ಲ. ಅಳತೆಯೇ ಆ ಕೆಲಸ ಮಾಡಿ ಮುಗಿಸುತ್ತದೆ, ಯಾರಾದರೂ ಎದ್ದು ನಿಂತು ಬೇಡ ಎನ್ನದಿದ್ದರೆ.

2021ರ ಆಗಸ್ಟಿನಲ್ಲಿ ಬೇಡ ಎಂದವರು ಪಾ. ರಂಜಿತ್. ರೋಲಿಂಗ್ ಸ್ಟೋನ್ ಇಂಡಿಯಾ ಪತ್ರಿಕೆಯ ಮುಖಪುಟದಲ್ಲಿ ಧೀ ಮತ್ತು ಶಾನ್ ವಿನ್ಸೆಂಟ್ ಡಿ ಪಾಲ್ ಇದ್ದರು. ಕಾರಣ 'ಎಂಜಾಯ್ ಎಂಜಾಮಿ' ಮತ್ತು 'ನೀಯೇ ಒಳಿ' ಹಾಡುಗಳ ಯಶಸ್ಸು. ಎರಡೂ ಹಾಡುಗಳ ಸಾಹಿತ್ಯ ಬರೆದ ಅರಿವು ಮುಖಪುಟದಲ್ಲಿ ಇರಲಿಲ್ಲ. ಡಿಜೆ ಸ್ನೇಕ್ ಮಾಡಿದ ರೀಮಿಕ್ಸಿನ ಜಾಹೀರಾತು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಬೆಳಗಿದಾಗಲೂ ಅಷ್ಟೇ. ರಂಜಿತ್ ಟ್ವೀಟ್ ಮಾಡಿ, ಈ ಮನುಷ್ಯನನ್ನು ಮತ್ತೊಮ್ಮೆ ಕಾಣದಂತೆ ಮಾಡಲಾಗಿದೆ ಎಂದು ಆಕ್ಷೇಪಿಸಿದರು. ಗದ್ದಲವಾಯಿತು. ಪತ್ರಿಕೆ ಆಮೇಲೆ ಅರಿವು ಅವರದೇ ಒಂದು ಡಿಜಿಟಲ್ ಮುಖಪುಟ ಹೊರತಂದಿತು. ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ.

ಮರುವರ್ಷ ಜುಲೈಯಲ್ಲಿ ಚೆಸ್ ಒಲಿಂಪಿಯಾಡ್ ಉದ್ಘಾಟನೆ ನಮ್ಮ ಚೆನ್ನೈಯಲ್ಲೇ ನಡೆಯಿತು. ಧೀ ಮತ್ತು ಕಿಡಕ್ಕುಳಿ ಮಾರಿಯಮ್ಮಾಳ್ ಈ ಹಾಡು ಹಾಡಿದರು. ಅರಿವು ವೇದಿಕೆಯಲ್ಲಿರಲಿಲ್ಲ. ಆಗ ಅವರು ಇನ್‌ಸ್ಟಾಗ್ರಾಮಿನಲ್ಲಿ ಬರೆದುಕೊಂಡರು: ಹಾಡನ್ನು ಬರೆದದ್ದೂ ಕಟ್ಟಿದ್ದೂ ಹಾಡಿದ್ದೂ ತಾನು ಎಂದು. ಸಂತೋಷ್ ನಾರಾಯಣನ್ ಉತ್ತರ ಕೊಟ್ಟರು: ಧೀ ಮತ್ತು ನಿರ್ದೇಶಕರು ಸೇರಿ ಈ ಕಲ್ಪನೆಗೆ ರೂಪ ಕೊಟ್ಟರು, ರಾಗಸಂಯೋಜನೆಯಲ್ಲಿ ತನ್ನದೂ ಧೀಯದೂ ಪಾಲಿದೆ, ಸಾಹಿತ್ಯ ಅರಿವು ಅವರದು ಎಂದು. ಧೀ ಕೂಡ, ಅರಿವು ಪಾತ್ರವನ್ನು ತಾನು ಎಲ್ಲೂ ಮರೆಮಾಚಿಲ್ಲ ಎಂದರು. ಯಾವ ಸಾಲಿನ ರಾಗ ಯಾರದು ಎಂದು ಹೊರಗಿನ ನಾನು ತೀರ್ಪು ಕೊಡುವುದು ಸರಿಯಲ್ಲ. ಸಂತೋಷ್ ಮಾತಿನಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ವಿಡಿಯೋ ನಿರ್ದೇಶಕ ಮೊದಲಿನಿಂದಲೇ ಜೊತೆಗಿದ್ದರು. ಎಂದರೆ ಇದು ಹಾಡಾದ ಮೇಲೆ ಹೊದಿಸಿದ ಚಿತ್ರವಲ್ಲ. ನೋಟ ಮತ್ತು ಹಾಡು ಒಟ್ಟಿಗೇ ಬೆಳೆದವು. ಅಜ್ಜಿಯ ಕಥೆ ನೋಟದಲ್ಲಿ ಎಷ್ಟು ಉಳಿಯಬೇಕು ಎಂಬ ಪ್ರಶ್ನೆಯೂ ಆವಾಗಲೇ ಇತ್ತು.

2024ರಲ್ಲಿ ಸಂತೋಷ್ ನಾರಾಯಣನ್ ಇನ್ನೊಂದು ಮಾತು ಹೇಳಿದರು. ಹಾಡು ಬಂದು ಮೂರು ವರ್ಷವಾದರೂ ತನಗಾಗಲಿ, ಧೀಗಾಗಲಿ, ಅರಿವುಗಾಗಲಿ ಒಂದು ಪೈಸೆ ಸಿಕ್ಕಿಲ್ಲ ಎಂದು. ಮುಖಪುಟದಲ್ಲಿದ್ದವರಿಗೂ ಇಲ್ಲ, ಇಲ್ಲದವರಿಗೂ ಇಲ್ಲ. ಇದನ್ನು ಓದಿದ ದಿನ ನಾನು ಆ ಮುಖಪುಟವನ್ನು ಮತ್ತೆ ತೆಗೆದು ನೋಡಿದೆ. ದುಡ್ಡು ಹಂಚದ ಕಡೆ ಹಂಚಲು ಉಳಿಯುವುದು ಹೆಸರೊಂದೇ. ಆ ಹೆಸರಿಗೂ ಜಾಗ ಸಾಲಲಿಲ್ಲ ಎಂದರೆ ಏನು ಹೇಳುವುದು.

ಹಾಗಾದರೆ ಗುಂಪನ್ನು ಕತ್ತರಿಸದೆ ಉಳಿಸಿಕೊಳ್ಳುವ ವಿನ್ಯಾಸ ಸಾಧ್ಯವೇ ಇಲ್ಲವೇ? ಇದೆ, ಅದನ್ನು ಮಾಡಿ ತೋರಿಸಿದ ತಂಡದಲ್ಲಿ ಇದೇ ಅರಿವು ಇದ್ದರು. ರಂಜಿತ್ ಅವರ ನೀಲಂ ಸಾಂಸ್ಕೃತಿಕ ಕೇಂದ್ರ ಮತ್ತು ಸಂಗೀತಗಾರ ತೆನ್ಮ ಸೇರಿ ಕಟ್ಟಿದ 'ದಿ ಕಾಸ್ಟ್‌ಲೆಸ್ ಕಲೆಕ್ಟಿವ್' 2018ರ ಜನವರಿಯಲ್ಲಿ ಚೆನ್ನೈಯ ಕಿಲ್ಪಾಕಿನಲ್ಲಿ ಮೊದಲ ಕಚೇರಿ ಕೊಟ್ಟಿತು. ಹತ್ತೊಂಬತ್ತು ಜನ. ಉತ್ತರ ಚೆನ್ನೈಯ ಗಾನಾ ಹಾಡುಗಾರರು, ರ‍್ಯಾಪ್ ಹೇಳುವವರು, ಗಿಟಾರ್ ನುಡಿಸುವವರು, ಪರೈ, ಸಟ್ಟಿ ಬಾರಿಸುವವರು. ಹೆಣ್ಣು ಒಬ್ಬರೇ, ಇಸೈವಾಣಿ. ಅಯೋತಿ ದಾಸರ್ ಹೇಳಿದ 'ಜಾತಿಯಿಲ್ಲದ ತಮಿಳರು' ಎಂಬ ಮಾತಿನಿಂದ ಬಂದ ಹೆಸರು.

ನನ್ನ ಬಳಿ ಯಾರಾದರೂ ಬಂದು, ಹತ್ತೊಂಬತ್ತು ಜನರ ತಂಡಕ್ಕೆ ಒಂದು ಪೋಸ್ಟರ್ ಮಾಡಿ, ಯಾರೂ ಹಿಂದೆ ಬೀಳಬಾರದು ಎಂದರೆ ಕೈಮುಗಿದು ಕಳಿಸುತ್ತಿದ್ದೆ. ಫೋನಿನ ಪರದೆಯಲ್ಲಿ ಒಂದೊಂದು ಮುಖ ರಾಗಿಕಾಳಿನಷ್ಟಾಗುತ್ತದೆ. ಅವರು ಕಂಡುಕೊಂಡ ಉಪಾಯ ಸೂಟು. ಎಲ್ಲರಿಗೂ ಒಂದೇ ಬೂದು ಬಣ್ಣದ ಸೂಟು. ಮುಖ ಕಾಣದಷ್ಟು ಚಿಕ್ಕದಾದರೂ ಸಾಲು ಗುರುತು ಸಿಗುತ್ತದೆ, ನಾಲ್ಕು ಜನರನ್ನು ಕತ್ತರಿಸಿದರೂ ಉಳಿದ ನಾಲ್ಕು ಜನ ತಂಡವಾಗಿಯೇ ಕಾಣುತ್ತಾರೆ. ವೇದಿಕೆ, ವಿಡಿಯೋ, ಪೋಸ್ಟರ್ ಮೂರಕ್ಕೂ ಅದೇ ಚಿತ್ರ. ಇನ್ನು ಆ ಸೂಟು ಯಾರದು ಎಂದು ಈ ದೇಶದಲ್ಲಿ ವಿವರಿಸಬೇಕಾಗಿಲ್ಲ. ಊರೂರಿನ ವೃತ್ತಗಳಲ್ಲಿ ಸೂಟು ತೊಟ್ಟು, ಪುಸ್ತಕ ಹಿಡಿದು ನಿಂತಿದ್ದಾರೆ ಅಂಬೇಡ್ಕರ್. ಸಿನಿಮಾ ಗಾನಾ ಹಾಡುಗಾರನನ್ನು ಎಂದರೆ ಲುಂಗಿ ಎತ್ತಿಕಟ್ಟಿದ ಕುಡುಕನ ವೇಷದಲ್ಲಿ ತೋರಿಸುತ್ತ ಬಂದಿತ್ತು. ಸಾವಿನ ಮನೆಯ ಮುಂದೆ ರಾತ್ರಿಯಿಡೀ ಹಾಡುತ್ತಿದ್ದವರು ಸೂಟು ಹಾಕಿ ನಿಂತದ್ದೇ ಒಂದು ವಾದವಾಯಿತು. ಇಲ್ಲಿಯೂ ಇರುವುದು ಉಡುಗೆಯೇ. ಆದರೆ ಈ ಉಡುಗೆಗೆ ಒಬ್ಬ ವಾರಸುದಾರ ಇದ್ದಾನೆ, ಅದನ್ನು ತೊಟ್ಟವರು ಚರಿತ್ರೆಯಿಂದ ಕಳಚಿಕೊಳ್ಳಲು ಆಗುವುದಿಲ್ಲ.

ಕೊರತೆಗಳಿಲ್ಲ ಎಂದಲ್ಲ. ಸಮವಸ್ತ್ರ ಕೆಲವು ಕಡೆ ಬಿಗಿಯಾಯಿತು. ಗಾನಾ ಹಾಡುವವನ ದೇಹಕ್ಕೆ ಒಂದು ಓಲಾಟವಿದೆ, ತೋಳು ಬೀಸುವ ಧಾಟಿ ಇದೆ. ಸೂಟಿನಲ್ಲಿ ಅದು ಅಲ್ಲಲ್ಲಿ ಮೆರವಣಿಗೆಯ ಗತ್ತಾಗಿಬಿಡುತ್ತದೆ. 'ಜೈ ಭೀಮ್ ಆಂಥೆಮ್' ಹಾಡಿನ ಘೋಷಣೆಯ ಸ್ವರೂಪಕ್ಕೆ ಅದು ಹೊಂದುತ್ತದೆ, ಲೇವಡಿಯ ಹಾಡುಗಳಿಗೆ ಅಷ್ಟಾಗಿ ಇಲ್ಲ. ಹತ್ತೊಂಬತ್ತು ಹೆಸರುಗಳನ್ನು ಚಿತ್ರ ಸಮವಾಗಿ ಹಿಡಿದಿಟ್ಟರೂ ಪತ್ರಿಕೆಗಳು ನಾಲ್ಕೈದು ಹೆಸರುಗಳನ್ನೇ ಬರೆದವು. ನಾನೂ ಇಲ್ಲಿ ಬರೆದಿರುವುದು ಮೂರು.

ನಮ್ಮಲ್ಲಿ ಎಪ್ಪತ್ತರ ದಶಕದ ಹೋರಾಟದ ಹಾಡುಗಳಿಗೆ ಪೋಸ್ಟರಿನ ಹಂಗೇ ಇರಲಿಲ್ಲ. ಸಿದ್ಧಲಿಂಗಯ್ಯನವರ ಹಾಡುಗಳು ಬೀದಿಯಲ್ಲಿ ಬಾಯಿಂದ ಬಾಯಿಗೆ ಹೋದವು. 1975ರಲ್ಲಿ 'ಹೊಲೆಮಾದಿಗರ ಹಾಡು' ಪುಸ್ತಕವಾಗಿ ಬಂದದ್ದರಿಂದ ಕವಿಯ ಹೆಸರು ಅಚ್ಚಾಗಿ ಉಳಿಯಿತು. ರಾಗ ಕೂಡಿಸಿದವರು, ತಮಟೆ ಬಡಿದವರು ಎಷ್ಟು ಜನ, ಯಾರು ಎಂದು ಕೇಳಿದರೆ ನಮ್ಮಲ್ಲಿ ಅರ್ಧಕ್ಕರ್ಧ ಜನ ತಲೆ ಕೆರೆದುಕೊಳ್ಳುತ್ತೇವೆ. ಚಿತ್ರವೇ ಇಲ್ಲದಿದ್ದರೆ ಎಲ್ಲರಿಗೂ ನ್ಯಾಯ ಸಿಗುತ್ತದೆ ಎನ್ನುವ ಹಳೆಯ ಕಾಲದ ಹಂಬಲ ಹಾಗಾಗಿ ನನಗಿಲ್ಲ.

ಅರಿವು ತಮ್ಮ ಅಂಬಾಸಾ ತಂಡದೊಂದಿಗೆ 2024ರಲ್ಲಿ ಒಂದು ಆಲ್ಬಂ ತಂದರು. ಹೆಸರು 'ವಳ್ಳಿಯಮ್ಮಾ ಪೇರಾಂಡಿ', ವಳ್ಳಿಯಮ್ಮನ ಮೊಮ್ಮಗ ಎಂದು. ವಿನ್ಯಾಸಕಾರನಾಗಿ ನೋಡಿದರೆ ಇದು ಜಾಣ ಕೆಲಸ. ಕವರನ್ನು ಚೌಕ ಮಾಡಿ, ಉದ್ದ ಮಾಡಿ, ಹೋರ್ಡಿಂಗ್ ಮಾಡಿ, ಬದಿಯಿಂದ ಎಷ್ಟು ಬೇಕಾದರೂ ಕತ್ತರಿಸುತ್ತ ಬನ್ನಿ. ಆಲ್ಬಮ್ಮಿನ ಹೆಸರನ್ನು ಹಾಕಲೇಬೇಕು. ಅದರಲ್ಲಿ ಅಜ್ಜಿ ಮೊದಲು ಬರುತ್ತಾರೆ, ಮೊಮ್ಮಗ ಆಮೇಲೆ, ನಡುವೆ 'ಎಫ್‌ಟಿ' ಇಲ್ಲ.