ಒಡೆಯನೂ ಆಳೂ ಆದ ನಟ

ಮಲಯಾಳಂ ನಟ ಮಮ್ಮುಟ್ಟಿ ಕನ್ನಡ ಚಿತ್ರವೊಂದರಲ್ಲಿ ನಟಿಸಿದ್ದು 2012ರಲ್ಲಿ. ಅಭಯಸಿಂಹ ನಿರ್ದೇಶಿಸಿದ 'ಶಿಕಾರಿ' ಆ ಚಿತ್ರ. ನಮ್ಮಲ್ಲಿ ಅದು ಹೆಚ್ಚು ಚರ್ಚೆಯಾಗಲಿಲ್ಲ. ಆದರೆ ಅದಕ್ಕಿಂತ ಸುಮಾರು ಎರಡು ದಶಕ ಮೊದಲೇ ಅವರು ಕರ್ನಾಟಕದ ನೆಲದ ಒಬ್ಬ ಜಮೀನ್ದಾರನಾಗಿ, ಕನ್ನಡದ ಧಾಟಿಯ ಮಲಯಾಳ ಮಾತನಾಡುತ್ತ ತೆರೆಯ ಮೇಲೆ ಬಂದಿದ್ದರು. ಅಡೂರ್ ಗೋಪಾಲಕೃಷ್ಣನ್ ಅವರ 'ವಿಧೇಯನ್' ಚಿತ್ರದ ಭಾಸ್ಕರ ಪಟೇಲರ ಪಾತ್ರವದು. ಪಾಲ್ ಸಕರಿಯಾ ಅವರ ಕಿರುಕಾದಂಬರಿ ಅದಕ್ಕೆ ಆಧಾರ. ಕತೆ ನಡೆಯುವುದು ದಕ್ಷಿಣ ಕನ್ನಡದ ಕಾಡಂಚಿನಲ್ಲಿ.

1993ರ ಸಾಲಿನ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯನ್ನು ಮಮ್ಮುಟ್ಟಿಯವರಿಗೆ ಎರಡು ಚಿತ್ರಗಳನ್ನು ಒಟ್ಟಿಗೆ ಪರಿಗಣಿಸಿ ಕೊಡಲಾಯಿತು. ಒಂದು 'ವಿಧೇಯನ್'. ಇನ್ನೊಂದು ಟಿ.ವಿ. ಚಂದ್ರನ್ ಅವರ 'ಪೊಂತನ್ ಮಾಡ'. ಮೊದಲನೆಯದರಲ್ಲಿ ಅವರು ಕಾಲಲ್ಲಿ ಒದೆಯುವ ಒಡೆಯ. ಎರಡನೆಯದರಲ್ಲಿ ಜಾತಿಯ ಏಣಿಯ ಕೆಳಗಿನ ಮೆಟ್ಟಿಲಲ್ಲಿ ನಿಂತ ಕೂಲಿಯಾಳು. ಒಂದೇ ವರ್ಷ ಒಂದೇ ದೇಹ ದರ್ಪವನ್ನೂ ದೈನ್ಯವನ್ನೂ ನಂಬುವಂತೆ ತೋರಿಸಿತು. ಇದನ್ನು ನಟನ ಜಾಣ್ಮೆ ಎಂದು ಹೊಗಳಿ ಸುಮ್ಮನಾಗಬಹುದು. ನಮಗೆ ಅದಕ್ಕಿಂತ ದೊಡ್ಡ ಮಾತೊಂದು ಇಲ್ಲಿದೆ ಎನಿಸುತ್ತದೆ. ಒಡೆತನವಾಗಲಿ ಆಳುತನವಾಗಲಿ ಯಾರ ಹುಟ್ಟುಗುಣವೂ ಅಲ್ಲ, ಎರಡೂ ಕಲಿತದ್ದು, ಕಲಿಸಿದ್ದು ಎಂಬುದೇ ಆ ಮಾತು.

ಮಮ್ಮುಟ್ಟಿ ಹುಟ್ಟಿದ್ದು 1951ರ ಸೆಪ್ಟೆಂಬರ್ 7ರಂದು. ಕೋಟ್ಟಯಂ ಜಿಲ್ಲೆಯ ವೈಕಂ ಬಳಿಯ ಚೆಂಬು ಅವರ ಊರು. ಮುಹಮ್ಮದ್ ಕುಟ್ಟಿ ಅವರ ಮೂಲ ಹೆಸರು. ಎರ್ನಾಕುಳಂನಲ್ಲಿ ಕಾನೂನು ಓದಿ ಮಂಜೇರಿಯಲ್ಲಿ ಕೆಲಕಾಲ ವಕೀಲಿ ಮಾಡಿದರು. 1971ರಲ್ಲೇ ಒಂದು ಚಿತ್ರದಲ್ಲಿ ಸಣ್ಣದಾಗಿ ಕಾಣಿಸಿಕೊಂಡಿದ್ದರೂ ನಟನಾಗಿ ನೆಲೆ ಸಿಕ್ಕಿದ್ದು 1980ರ ನಂತರ, ಕೆ.ಜಿ. ಜಾರ್ಜ್ ಅವರ 'ಮೇಳ', 'ಯವನಿಕ'ದಂಥ ಚಿತ್ರಗಳಿಂದ. ನಡುವೆ ಸಾಲು ಸಾಲಾಗಿ ಚಿತ್ರಗಳು ಸೋತವು. 1987ರ 'ನ್ಯೂಡೆಲ್ಲಿ' ಅವರನ್ನು ಮತ್ತೆ ಎತ್ತಿತು. 1989ರ ಸಾಲಿನಲ್ಲಿ 'ಒರು ವಡಕ್ಕನ್ ವೀರಗಾಥ' ಮತ್ತು 'ಮದಿಲುಗಳ್' ಚಿತ್ರಗಳಿಗೆ ಮೊದಲ ರಾಷ್ಟ್ರಪ್ರಶಸ್ತಿ ಬಂತು. ಮುಂದೆ ಜಬ್ಬಾರ್ ಪಟೇಲ್ ನಿರ್ದೇಶನದ ಇಂಗ್ಲಿಷ್ ಚಿತ್ರದಲ್ಲಿ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಆಗಿ ನಟಿಸಿದ್ದಕ್ಕೆ 1998ರ ಸಾಲಿನ ಪ್ರಶಸ್ತಿಯೂ ಸಂದಿತು.

ಈಗ ಪಟೇಲರ ಕತೆಗೆ ಬರೋಣ. ವಯನಾಡಿನಿಂದ ಬದುಕು ಅರಸಿ ಕರ್ನಾಟಕಕ್ಕೆ ಬಂದ ಬಡ ಕ್ರೈಸ್ತ ತೊಮ್ಮಿ. ಪಟೇಲ ಅವನನ್ನು ಕರೆದು ವಿನಾಕಾರಣ ಒದೆಯುತ್ತಾನೆ, ಉಗುಳುತ್ತಾನೆ, ಅವನ ಹೆಂಡತಿ ಓಮನಾಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಮೊದಲ ರಾತ್ರಿ ತೊಮ್ಮಿಯ ಎದೆಯಲ್ಲಿ ಸಿಟ್ಟಿದೆ. ಆಮೇಲೆ ಪಟೇಲ ಹೆಂಡದಂಗಡಿಯಲ್ಲಿ ಕೆಲಸ ಕೊಡಿಸುತ್ತಾನೆ, ಬಟ್ಟೆ ಕೊಡುತ್ತಾನೆ. ಸಿಟ್ಟು ನಿಧಾನವಾಗಿ ಕೃತಜ್ಞತೆಯಾಗುತ್ತದೆ. ಹೆಂಡತಿಯ ಮೈಯಿಂದ ಬರುವ ಪಟೇಲನ ಅತ್ತರಿನ ವಾಸನೆ ಚೆನ್ನಾಗಿದೆ ಎಂದು ಹೇಳುವಷ್ಟು ಅವನು ಇಳಿದುಹೋಗುತ್ತಾನೆ. ಪಟೇಲ ತನ್ನ ಹೆಂಡತಿ ಸರೋಜಳನ್ನೇ ಕೊಲ್ಲುವಾಗಲೂ ತೊಮ್ಮಿ ಜೊತೆಗಿರುತ್ತಾನೆ. ಕೊನೆಗೆ ಕಾಡಿನಲ್ಲಿ ಪಟೇಲ ಹತನಾದ ಮೇಲೆ ತೊಮ್ಮಿ ಅಳುತ್ತಾನೆ. ಬಳಿಕ ಬಂದೂಕನ್ನು ನೀರಿಗೆ ಎಸೆದು ಓಡುತ್ತಾನೆ.

ತೊಮ್ಮಿಯಾಗಿ ಎಂ.ಆರ್. ಗೋಪಕುಮಾರ್ ಅವರದು ಅಸಾಧಾರಣ ಅಭಿನಯ. ಮಮ್ಮುಟ್ಟಿಯವರ ದೊಡ್ಡತನವೆಂದರೆ ಪಟೇಲನನ್ನು ಅವರು ಅಬ್ಬರಿಸುವ ಖಳನಾಯಕನನ್ನಾಗಿ ಮಾಡದಿರುವುದು. ಅವನ ಕ್ರೌರ್ಯದಲ್ಲಿ ಒಂದು ಬಗೆಯ ಬೇಸರವಿದೆ, ಸೋಮಾರಿತನವಿದೆ. ಮಾಡಲು ಬೇರೆ ಕೆಲಸವಿಲ್ಲದ್ದಕ್ಕೆ ಒದೆಯುವವನಂತೆ ಅವನು ಒದೆಯುತ್ತಾನೆ. ದಿಕ್ಕೆಟ್ಟು ಕಾಡಿನಲ್ಲಿ ಅಲೆಯುವಾಗ ಅದೇ ಮುಖದಲ್ಲಿ ಆಳನ್ನು ಅವಲಂಬಿಸಿದವನ ಭಯ ಕಾಣುತ್ತದೆ. ತೊಮ್ಮಿಗೆ ಪಟೇಲ ಬೇಕಾದಷ್ಟೇ ಪಟೇಲನಿಗೂ ತೊಮ್ಮಿ ಬೇಕು.

ಈ ಚಿತ್ರವನ್ನು ಕುಷ್ಟಗಿಯಲ್ಲಿ ಕೂತು ನೋಡುವವರಿಗೆ ಇದು ಪರನಾಡಿನ ಕತೆಯಲ್ಲ. ನಮ್ಮದು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಸೀಮೆ. ಪಟೇಲ, ಪಟವಾರಿ, ದೇಸಾಯಿ ಎಂಬ ಹೆಸರುಗಳ ಹಿಂದೆ ಎಷ್ಟು ಬೆನ್ನುಗಳು ಬಾಗಿದ್ದವೆಂದು ಹಿರಿಯರು ಬಲ್ಲರು. ಗ್ರಾಮಾಧಿಕಾರಗಳನ್ನು ರದ್ದುಮಾಡುವ ಕಾನೂನು 1961ರಲ್ಲಿ ಬಂತು. ಜೀತ ನಿಷೇಧದ ಕಾನೂನು 1976ರಲ್ಲಿ ಬಂತು. ಭಾಸ್ಕರ ಪಟೇಲನಿಗೂ ಪಟೇಲಗಿರಿ ಹೋಗಿ ಹೆಸರಷ್ಟೇ ಉಳಿದಿದೆ. ಜನ ಆ ಹೆಸರಿಗೇ ಹೆದರುತ್ತಾರೆ. 2021ರ ಸೆಪ್ಟೆಂಬರ್‌ನಲ್ಲಿ ನಮ್ಮ ತಾಲೂಕಿನ ಮಿಯಾಪುರದಲ್ಲಿ ದಲಿತರ ಪುಟ್ಟ ಮಗುವೊಂದು ಗುಡಿಯೊಳಗೆ ಹೆಜ್ಜೆಯಿಟ್ಟಿತೆಂದು ಶುದ್ಧೀಕರಣಕ್ಕಾಗಿ 25 ಸಾವಿರ ರೂಪಾಯಿ ದಂಡ ಕೇಳಿದ ಸಂಗತಿ ನಾಡಿಗೆಲ್ಲ ಗೊತ್ತಾಯಿತು. ದೂರು ಕೊಡಲು ಆ ಕುಟುಂಬವೇ ಹಿಂಜರಿದಿತ್ತೆಂದು ಆಗ ಪತ್ರಿಕೆಗಳು ಬರೆದಿದ್ದವು. ಆ ಹಿಂಜರಿಕೆಯನ್ನು ಹೇಡಿತನ ಎಂದು ಕರೆಯುವವರು ತೊಮ್ಮಿಯನ್ನು ಒಮ್ಮೆ ನೋಡಬೇಕು. ನಾಳೆಯೂ ಅದೇ ಊರಿನಲ್ಲಿ ಬಾಳಬೇಕಾದವನ ಲೆಕ್ಕಾಚಾರವೇ ಬೇರೆ.

ಇನ್ನೊಂದು ನಂಟೂ ಇದೆ. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಿಂದ ಹೆಂಡಿರು ಮಕ್ಕಳೊಂದಿಗೆ ಜನ ಗುಳೆ ಹೋಗುತ್ತಾರೆ. ಗೋವಾಕ್ಕೆ, ಬೆಂಗಳೂರಿಗೆ, ಹಾಗೆಯೇ ಮಂಗಳೂರು, ಉಡುಪಿಯ ಕಡೆಗೆ. ತೊಮ್ಮಿ ದಕ್ಷಿಣದಿಂದ ಬಂದು ಸೇರಿದ ಕರಾವಳಿ ಜಿಲ್ಲೆಗೇ ನಮ್ಮವರು ಉತ್ತರದಿಂದ ಹೋಗಿ ಸೇರುತ್ತಾರೆ. ಪರಊರು, ಪರಭಾಷೆ, ತಲೆಯ ಮೇಲೊಂದು ತಗಡು, ಮುಂಗಡ ಕೊಟ್ಟ ಗುತ್ತಿಗೆದಾರ. ಎಲ್ಲ ಗುತ್ತಿಗೆದಾರರೂ ಪಟೇಲರಲ್ಲ, ನಿಜ. ಆದರೆ ಪಟೇಲನಾಗಲು ಬೇಕಾದ ಅನುಕೂಲವೆಲ್ಲ ಅಲ್ಲಿದೆ.

ಇದೇ ಜಿಲ್ಲೆಯ ನೆಲದಲ್ಲಿ ನಡೆಯುವ 'ಚೋಮನ ದುಡಿ'ಯನ್ನು ಇಲ್ಲಿ ನೆನೆಯಬೇಕು. ಶಿವರಾಮ ಕಾರಂತರ ಕಾದಂಬರಿ 1933ರದು, ಬಿ.ವಿ. ಕಾರಂತರ ಚಿತ್ರ 1975ರದು. ಅದರ ಚೋಮನ ಪಾತ್ರಕ್ಕೆ ಎಂ.ವಿ. ವಾಸುದೇವರಾವ್ ಅವರಿಗೂ ರಾಷ್ಟ್ರಪ್ರಶಸ್ತಿ ಬಂದಿತ್ತು. ಚೋಮನಿಗೆ ಬೇಸಾಯ ಮಾಡಬೇಕೆಂಬ ಆಸೆ ಇತ್ತು, ಸಿಟ್ಟನ್ನು ಬಾರಿಸಲು ದುಡಿ ಇತ್ತು. ತೊಮ್ಮಿಗೆ ಎರಡೂ ಇಲ್ಲ. ದಬ್ಬಾಳಿಕೆ ಆಸೆಯನ್ನು ಕಸಿದರೆ ದುಡಿಯಾದರೂ ಉಳಿಯುತ್ತದೆ, ಮನಸ್ಸನ್ನೇ ಕಸಿದರೆ ಏನೂ ಉಳಿಯದು ಎಂಬುದನ್ನು ಈ ಎರಡು ಚಿತ್ರಗಳನ್ನು ಒಟ್ಟಿಗಿಟ್ಟು ನೋಡಿದಾಗ ತಿಳಿಯುತ್ತೇವೆ.

ಮುಸ್ಲಿಂ ಓದುಗರಿಗೆ ಮಮ್ಮುಟ್ಟಿ ಇನ್ನೊಂದು ಕಾರಣಕ್ಕೂ ಮುಖ್ಯರು. ಹಿಂದಿ, ಕನ್ನಡ ಚಿತ್ರಗಳಲ್ಲಿ ಮುಸ್ಲಿಂ ಪಾತ್ರವೆಂದರೆ ಒಂದೋ ಪ್ರಾಣ ಕೊಡುವ ಗೆಳೆಯ, ಇಲ್ಲವೇ ಬಾಂಬಿಡುವ ವೈರಿ. ಮಮ್ಮುಟ್ಟಿ 'ಮದಿಲುಗಳ್'ನಲ್ಲಿ ವೈಕಂ ಮುಹಮ್ಮದ್ ಬಷೀರ್ ಆದರು. ಜೈಲಿನ ಗೋಡೆಯಾಚೆಯ ಕಾಣದ ಹೆಣ್ಣಿನ ದನಿಯನ್ನು ಪ್ರೀತಿಸುವ, ನಗುವ, ತೋಟ ಮಾಡುವ ಬಷೀರ್. 2009ರ 'ಪಾಲೇರಿ ಮಾಣಿಕ್ಯಂ'ನಲ್ಲಿ ಅಹ್ಮದ್ ಹಾಜಿ ಎಂಬ ಕಾಮುಕ, ಕ್ರೂರ ಜಮೀನ್ದಾರನೂ ಆದರು. ಹಾಜಿಯನ್ನು ಹೀಗೆ ತೋರಿಸಬಹುದೇ ಎಂದು ನಮ್ಮವರಲ್ಲಿ ಕೆಲವರು ಕೇಳಬಹುದು. ತೋರಿಸಬೇಕು ಎಂದೇ ನಮ್ಮ ಉತ್ತರ. ಹಾಜಿಯ ಮನೆಯ ಆಳಿಗೂ ತೊಮ್ಮಿಗೂ ಬೆನ್ನ ನೋವು ಒಂದೇ. ಸಮುದಾಯದ ಮಾನ ಉಳಿಸುವ ನೆಪದಲ್ಲಿ ಸಮುದಾಯದೊಳಗಿನ ಪಟೇಲರನ್ನು ಬಚ್ಚಿಡುವುದು ನ್ಯಾಯವಲ್ಲ.

ಅದೇ ಮಾತನ್ನು ನಟನಿಗೂ ಅನ್ವಯಿಸದಿದ್ದರೆ ವಿಮರ್ಶೆ ಹೊಗಳಿಕೆಯಾಗುತ್ತದೆ. ಪಟೇಲನನ್ನು ಬಯಲು ಮಾಡಿದ ಮಮ್ಮುಟ್ಟಿಯೇ ಮೀಸೆ ತಿರುವುವ, ಹೆಣ್ಣಿನ ಬಾಯಿ ಮುಚ್ಚಿಸುವ ನಾಯಕರನ್ನೂ ಬೆಳೆಸಿದರು. 2016ರ 'ಕಸಬ'ದಲ್ಲಿ ಹೆಣ್ಣನ್ನು ಹೀನಾಯಗೊಳಿಸುವ ಮಾತುಗಳಿವೆಯೆಂದು ಕೇರಳದ ಮಹಿಳಾ ಆಯೋಗ ನೋಟಿಸು ಕೊಟ್ಟಿತು. 2017ರ ಡಿಸೆಂಬರ್‌ನಲ್ಲಿ ನಟಿ ಪಾರ್ವತಿ ಆ ಚಿತ್ರವನ್ನು ಟೀಕಿಸಿದಾಗ ಅಭಿಮಾನಿಗಳು ಅವರ ಮೇಲೆ ಹೊಲಸು ಮಾತುಗಳ ಮಳೆಗರೆದರು. ತನ್ನ ಪರವಾಗಿ ಮಾತಾಡಲು ಯಾರಿಗೂ ಹೇಳಿಲ್ಲವೆಂದು ಮಮ್ಮುಟ್ಟಿ ತಿಳಿಸಿದರು, ಆದರೆ ಕೆಲವು ದಿನ ಕಳೆದ ಮೇಲೆ. 2024ರ ಆಗಸ್ಟ್‌ನಲ್ಲಿ ಹೇಮಾ ಸಮಿತಿಯ ವರದಿ ಹೊರಬಂದು ಮಲಯಾಳಂ ಚಿತ್ರರಂಗದಲ್ಲಿ ಹೆಣ್ಣುಮಕ್ಕಳು ಪಡುವ ಪಾಡು ಬಯಲಾದಾಗ, ಕಾನೂನು ತನ್ನ ಕೆಲಸ ಮಾಡಲಿ ಎಂದರು, ಚಿತ್ರರಂಗದಲ್ಲಿ ಅಧಿಕಾರದ ಕೂಟವಿಲ್ಲವೆಂದೂ ಹೇಳಿದರು. ಒಡೆತನ ಹೆಸರಿಲ್ಲದೆಯೂ ನಡೆಯುತ್ತದೆಂದು ಪಟೇಲನಾಗಿ ನಮಗೆ ತಿಳಿಸಿದವರೇ ಅವರು. ಅವರಿಂದ ಇನ್ನೂ ಗಟ್ಟಿಯಾದ ಮಾತನ್ನು ನಾವು ನಿರೀಕ್ಷಿಸಿದ್ದೆವು.

ಹಾಗೆಂದು ಅವರನ್ನು ತಳ್ಳಿಹಾಕುವಂತಿಲ್ಲ. 2022ರಲ್ಲಿ ರತೀನಾ ಎಂಬ ಹೊಸ ನಿರ್ದೇಶಕಿಯ 'ಪುಳು' ಚಿತ್ರದಲ್ಲಿ ಜಾತಿಯ ವಿಷ ತುಂಬಿದ ತಂದೆಯಾದರು. ಎರಡು ವರ್ಷದ ನಂತರ ಆ ಚಿತ್ರವನ್ನೇ ನೆಪ ಮಾಡಿಕೊಂಡು ಕೆಲವರು ಅವರನ್ನು ಮುಹಮ್ಮದ್ ಕುಟ್ಟಿ ಎಂದು ಕರೆದು ಹೀಯಾಳಿಸಿದರು. ಅರ್ಧ ಶತಮಾನ ಎಲ್ಲರ ನಟನಾಗಿ ಬಾಳಿದವರಿಗೂ ತಂದೆತಾಯಿ ಇಟ್ಟ ಹೆಸರನ್ನೇ ಬೈಗುಳವಾಗಿ ಬಳಸಲಾಯಿತು. ಕೇರಳದ ಬಹುಜನ ಆಗ ಅವರ ಬೆನ್ನಿಗೆ ನಿಂತದ್ದು ಸಮಾಧಾನದ ಸಂಗತಿ.

2024ರ 'ಭ್ರಮಯುಗಂ'ನಲ್ಲಿ ಅವರು ಮತ್ತೆ ಒಡೆಯ. ಹಾಳುಮನೆಯಲ್ಲಿ ಕೂತು, ಓಡಿಬಂದ ಕೆಳಜಾತಿಯ ಹಾಡುಗಾರನನ್ನು ಪಗಡೆಯಾಟದಲ್ಲಿ ಸೋಲಿಸಿ ಅವನ ಆಯುಸ್ಸನ್ನೇ ಕಟ್ಟಿಹಾಕುವ ಪೋಟ್ಟಿ. ಮೂವತ್ತು ವರ್ಷದ ಅಂತರದಲ್ಲಿ ಬಂದ ಈ ಎರಡು ಪಾತ್ರಗಳಲ್ಲಿ ಒಂದು ವ್ಯತ್ಯಾಸವಿದೆ. ಪಟೇಲ ಸತ್ತಾಗ ತೊಮ್ಮಿ ಬಂದೂಕನ್ನು ಎಸೆದ. ಇಲ್ಲಿ ಒಡೆಯ ಬಿದ್ದರೂ ಅಧಿಕಾರ ಸಾಯದೆ ಇನ್ನೊಬ್ಬನ ಮೈ ಹೊಗುತ್ತದೆ. ನಮ್ಮ ಹಳ್ಳಿಗಳಲ್ಲಿ ಗೌಡಕಿ ಹೋಗಿ ಪಂಚಾಯಿತಿ ಬಂದರೂ ಕಟ್ಟೆಯ ಮೇಲೆ ಕೂರುವವರು, ಕೆಳಗೆ ನಿಲ್ಲುವವರು ಹಾಗೆಯೇ ಉಳಿದದ್ದನ್ನು ನೋಡಿದವರಿಗೆ ಈ ಮುಕ್ತಾಯದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಒಡೆಯ ಬದಲಾದರೆ ಸಾಲದು, ಬಂದೂಕನ್ನು ಎಸೆಯುವ ಕೈಗಳು ಬೇಕು.