ಎರಡನೇ ಸಲ ಕಟ್ಟುವ ಪಾಠ

ಚಿಕ್ಕ ಮಕ್ಕಳಿಗೆ ಇಂಜಿನಿಯರಿಂಗ್ ಕಲಿಸುತ್ತೇವೆ ಎನ್ನುವ ಸಾಮಗ್ರಿಗೆ ಈಗ ಬರವಿಲ್ಲ. ರೋಬೋಟ್ ಕಿಟ್‌ಗಳಿವೆ, ಕೋಡಿಂಗ್ ತರಗತಿಗಳಿವೆ, ಬೇಸಿಗೆ ಶಿಬಿರಗಳಿವೆ. ಇವುಗಳಲ್ಲಿ ಹೆಚ್ಚಿನವು ಮಗುವಿನ ಕೈಗೆ ಬಿಡಿಭಾಗಗಳನ್ನೂ ಅವನ್ನು ಜೋಡಿಸುವ ಚಿತ್ರವನ್ನೂ ಒಟ್ಟಿಗೇ ಕೊಟ್ಟುಬಿಡುತ್ತವೆ. ಚಿತ್ರದಲ್ಲಿದ್ದಂತೆ ಜೋಡಿಸಿದರೆ ಕೆಲಸ ಮುಗಿಯಿತು. ಅಮೆರಿಕದ ಬಾಸ್ಟನ್ ವಿಜ್ಞಾನ ವಸ್ತುಸಂಗ್ರಹಾಲಯ 2003ರಲ್ಲಿ ಕೈಗೆತ್ತಿಕೊಂಡ ‘ಇಂಜಿನಿಯರಿಂಗ್ ಈಸ್ ಎಲಿಮೆಂಟರಿ’ ಎಂಬ ಪಠ್ಯಕ್ರಮ ಈ ಜಾತಿಯದಲ್ಲ. ಕ್ರಿಸ್ಟೀನ್ ಕನ್ನಿಂಗ್‌ಹ್ಯಾಮ್ ಅವರ ಮುಂದಾಳುತನದಲ್ಲಿ ರೂಪುಗೊಂಡ ಇದರಲ್ಲಿ ಒಂದರಿಂದ ಐದನೇ ತರಗತಿಯವರೆಗಿನ ಮಕ್ಕಳಿಗಾಗಿ 20 ಘಟಕಗಳಿವೆ. ನಮ್ಮ ಪ್ರಾಥಮಿಕ ಶಾಲೆಗಳಿಗೂ ಇಂಥದ್ದೊಂದು ಬೇಕು ಎನ್ನುವವರು ಇದನ್ನು ಓದಲೇಬೇಕು. ಓದುವಾಗ ಜಗಳವನ್ನೂ ಆಡಬೇಕು.

ಆರಂಭ ತೀರಾ ಸರಳ. ಕಾಗದದ ಚೀಲವೊಂದರಲ್ಲಿ ದಿನಬಳಕೆಯ ವಸ್ತುವೊಂದನ್ನು ಹಾಕಿ ಮಕ್ಕಳಿಗೆ ಕೊಡುತ್ತಾರೆ. ಇದು ತಂತ್ರಜ್ಞಾನವೇ? ಯಾವ ತೊಂದರೆ ನೀಗಿಸಲು ಇದನ್ನು ಮಾಡಿದ್ದಾರೆ? ಯಾವುದರಿಂದ ಮಾಡಿದ್ದಾರೆ? ತಂತ್ರಜ್ಞಾನವೆಂದರೆ ಕರೆಂಟಿನಿಂದ ನಡೆಯುವ ವಸ್ತು, ಇಂಜಿನಿಯರ್ ಎಂದರೆ ಕಾರು ರಿಪೇರಿ ಮಾಡುವವರು ಎಂದು ನಂಬಿದ್ದ ಮಕ್ಕಳ ತಿಳಿವಳಿಕೆ ಇಲ್ಲೇ ಅಲುಗಾಡುತ್ತದೆ. ಮತ್ತೊಂದು ಪೂರ್ವಪಾಠದಲ್ಲಿ ಇಂಡೆಕ್ಸ್ ಕಾರ್ಡ್ ಮತ್ತು ಟೇಪಿನಿಂದ 10 ಅಂಗುಲ ಎತ್ತರದ ಗೋಪುರ ಕಟ್ಟಬೇಕು. ಅದು ಬಟ್ಟೆಯ ಬೊಂಬೆಯೊಂದನ್ನು 10 ಸೆಕೆಂಡ್ ಹೊತ್ತು ನಿಲ್ಲಬೇಕು. ಚಪ್ಪಟೆ ಕಾರ್ಡನ್ನು ಹಾಗೇ ನಿಲ್ಲಿಸಿದರೆ ಬಾಗುತ್ತದೆ. ಅದನ್ನೇ ಸುರುಳಿ ಸುತ್ತಿದರೆ, ಮೂಲೆ ಬರುವಂತೆ ಮಡಚಿದರೆ ಭಾರ ತಡೆಯುತ್ತದೆ. ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಗೋಪುರ ಒಮ್ಮೆ ಬಿದ್ದರೆ ಸಾಕು.

ಮುಂದಿನ ಪ್ರತಿ ಘಟಕಕ್ಕೂ ಒಂದು ಕಥೆಪುಸ್ತಕ, ಅದರಲ್ಲೊಂದು ಮಗು. ಡೆನ್ಮಾರ್ಕಿನ ಲೈಫ್ ಗಾಳಿಯಂತ್ರದ ಹಿಂದೆ ಬೀಳುತ್ತಾನೆ, ಬೋಟ್ಸ್ವಾನಾದ ಲೆರಾಟೊ ಸೌರ ಒಲೆ ಮಾಡುತ್ತಾಳೆ. ಭಾರತದ ಸಲಿಲಾಗೆ ಕೊಳಕು ನೀರಿನಿಂದ ಆಮೆಯೊಂದನ್ನು ಉಳಿಸುವ ಚಿಂತೆ. ಕಥೆ ಮುಗಿದ ಮೇಲೆ ತರಗತಿಯ ಮಕ್ಕಳು ಅದೇ ಕೆಲಸಕ್ಕೆ ಇಳಿಯುತ್ತಾರೆ. ಕೇಳು, ಊಹಿಸು, ಯೋಜಿಸು, ತಯಾರಿಸು, ಸುಧಾರಿಸು ಎಂಬ ಐದು ಹಂತ ಎಲ್ಲ ಘಟಕಗಳಿಗೂ ಒಂದೇ.

ಸಲಿಲಾಳ ಘಟಕವನ್ನೇ ನೋಡಿ. ಮಣ್ಣು ಕಲಸಿದ ನೀರು, ಕಾರ್ನ್‌ಫ್ಲೋರ್ ಬೆರೆಸಿದ ನೀರು, ಚಹಾದ ಬಣ್ಣದ ನೀರು, ಹೀಗೆ ಮೂರು ಬಗೆಯ ಕೊಳೆ. ಸೋಸಲು ಜಾಲರಿ, ಜಲ್ಲಿ, ಮರಳು, ಫಿಲ್ಟರ್ ಕಾಗದ. ಮಕ್ಕಳು ಮೊದಲು ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸುತ್ತಾರೆ. ಮಣ್ಣಿನ ಕಣ ಸುಲಭವಾಗಿ ಸಿಕ್ಕಿಬೀಳುತ್ತದೆ. ಕಾರ್ನ್‌ಫ್ಲೋರಿನ ಬಿಳಿ ಮಬ್ಬು ಜಾಲರಿ, ಜಲ್ಲಿಗಳಿಗೆ ಬಗ್ಗದು. ಚಹಾದ ಬಣ್ಣವಂತೂ ನೀರಿನಲ್ಲಿ ಕರಗಿರುವುದರಿಂದ ಏನಿಟ್ಟರೂ ಬಹುಮಟ್ಟಿಗೆ ಹಾಗೇ ಇಳಿಯುತ್ತದೆ. ಆ ಮೇಲೆ ಯಾವುದನ್ನು ಮೇಲಿಡಬೇಕು, ಯಾವುದನ್ನು ಕೆಳಗಿಡಬೇಕು ಎಂದು ಗುಂಪಿನಲ್ಲಿ ಚರ್ಚೆ. ಕಟ್ಟಿ, ಸುರಿದು, ನೋಡಿ, ಬಿಚ್ಚಿ, ಮತ್ತೆ ಕಟ್ಟುವುದು. ಈ ಪಠ್ಯಕ್ರಮದ ನಿಜವಾದ ಸಾಧನೆ ಈ ‘ಮತ್ತೆ’ಯಲ್ಲಿದೆ. ನಮ್ಮ ಶಾಲೆಗಳಲ್ಲಿ ತಪ್ಪಿದ ಉತ್ತರಕ್ಕೆ ಕೆಂಪು ಗೆರೆ ಬೀಳುತ್ತದೆ. ಇಲ್ಲಿ ಕೆಟ್ಟ ಫಿಲ್ಟರೇ ಮುಂದಿನ ಪಾಠಕ್ಕೆ ಬೇಕಾದ ಮಾಹಿತಿ, ಅದಕ್ಕೆ ಪಾಠದೊಳಗೇ ಸಮಯ ಮೀಸಲು.

ನನ್ನ ದೊಡ್ಡ ತಕರಾರೂ ಇದೇ ಘಟಕದ ಮೇಲೆ. ಡೆನ್ಮಾರ್ಕಿಗೆ ಗಾಳಿಯಂತ್ರ, ಭಾರತಕ್ಕೆ ಕೊಳಕು ನೀರು ಎಂಬ ಹಂಚಿಕೆ ಅಮೆರಿಕದ ಎಂಟು ವರ್ಷದ ಮಗುವಿನ ಮನಸ್ಸಿನಲ್ಲಿ ಎಂಥ ಭಾರತವನ್ನು ಉಳಿಸುತ್ತದೆ? ಇದಕ್ಕಿಂತ ಗಂಭೀರವಾದದ್ದು, ತಿಳಿಯಾಗಿ ಕಂಡ ನೀರೇ ಗೆದ್ದ ನೀರು ಎಂಬ ಅಳತೆ. ಪಾವಗಡ, ಕೋಲಾರದ ಕಡೆಯ ಎಷ್ಟೋ ಬೋರ್‌ವೆಲ್‌ಗಳ ನೀರು ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ, ಒಳಗೆ ಫ್ಲೋರೈಡ್ ಇರುತ್ತದೆ. ಮರಳು, ಜಲ್ಲಿ ಅದನ್ನು ತಡೆಯಲಾರವು. ಆ ಫ್ಲೋರೈಡ್‌ನಿಂದ ಹಲ್ಲು ಕಂದುಗಟ್ಟಿದ ಮಕ್ಕಳು ಕೂತಿರುವ ತರಗತಿಯಲ್ಲಿ ಈ ಪಾಠವನ್ನು ಇದ್ದಂತೆಯೇ ಅನುವಾದಿಸಿ ಮಾಡಿದರೆ ಅದು ಅಪಾಯದ ಪಾಠವಾಗುತ್ತದೆ. ಚಹಾದ ಬಣ್ಣ ಸೋಸಿದರೂ ಹೋಗಲಿಲ್ಲ ಎಂಬ ಅನುಭವವನ್ನೇ ಹಿಡಿದು, ನೀರಿನಲ್ಲಿ ಕರಗಿದ್ದು ಕಣ್ಣಿಗೂ ಕಾಣದಿರಬಹುದು, ಸೋಸಿದರೂ ಹೋಗದಿರಬಹುದು ಎಂದು ಶಿಕ್ಷಕರು ಒಂದು ಹೆಜ್ಜೆ ಮುಂದೆ ಒಯ್ದರೆ ಅದೇ ಘಟಕ ಪಾವಗಡದ ಪಾಠವಾದೀತು.

ಇನ್ನೊಂದು ಕೊರತೆ, ಸಮಸ್ಯೆ ಯಾವುದೆಂದು ಪುಸ್ತಕವೇ ನಿರ್ಧರಿಸಿಬಿಡುತ್ತದೆ. ಮಗು ಬಿಡಿಸುತ್ತದೆ, ಹುಡುಕುವುದಿಲ್ಲ. ಶಾಲೆಯ ಕೈತೋಟದ ಪೈಪು ಎಲ್ಲಿ ಸೋರುತ್ತಿದೆ, ಬಿಸಿಯೂಟದ ತಟ್ಟೆ ತೊಳೆಯುವಲ್ಲಿ ಯಾಕೆ ಸಾಲು ನಿಲ್ಲುತ್ತದೆ ಎಂದು ತಾನೇ ಗುರುತಿಸುವುದು ಅರ್ಧ ಇಂಜಿನಿಯರಿಂಗ್. ಆ ಅರ್ಧ ಇಲ್ಲಿ ತೆಳುವಾಗಿದೆ. ಐದು ಹಂತಗಳಿಗೂ ಒಂದು ಅಪಾಯವಿದೆ: ಗೋಡೆಯ ಚಾರ್ಟ್ ಆಗಿ, ಪರೀಕ್ಷೆಯ ಪ್ರಶ್ನೆಯಾಗಿ, ಬಾಯಿಪಾಠವಾಗಿ ಮುಗಿಯುವ ಅಪಾಯ. ನಮ್ಮಲ್ಲಂತೂ ಅದು ಬೇಗ ಆಗುತ್ತದೆ.

ಆದರೂ ಇದನ್ನು ಬದಿಗಿಡುವಂತಿಲ್ಲ, ಏಕೆಂದರೆ ನೆಲ ನಮ್ಮಲ್ಲಿ ಹದವಾಗಿಯೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕಾ ಪದ್ಧತಿ ಮಕ್ಕಳನ್ನು ಗುಂಪಿನಲ್ಲಿ ಕೂರಿಸಿತು, ತಮ್ಮ ವೇಗದಲ್ಲಿ ಮುಂದುವರಿಯಲು ಬಿಟ್ಟಿತು. ಆಟಿಕೆಗಳ ಮೂಲಕ ವಿಜ್ಞಾನ ಕಲಿಸುವ ಅರವಿಂದ ಗುಪ್ತಾ ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನಿಂದ ತ್ರಿಕೋನ ಅಲುಗದು, ಚೌಕ ವಾಲುತ್ತದೆ ಎಂದು ತೋರಿಸಿ ದಶಕಗಳೇ ಆದವು. ಖರ್ಚು ಕೆಲವೇ ರೂಪಾಯಿ. ಆದರೆ ನಲಿ-ಕಲಿಯಲ್ಲಿ ಚಟುವಟಿಕೆ ಮುಗಿದರೆ ಮುಂದಿನ ಮೆಟ್ಟಿಲು, ಗುಪ್ತಾ ಅವರ ಆಟಿಕೆ ಆಡಿದರೆ ಸಂತೋಷ. ಇಂತಿಷ್ಟು ಭಾರ ಹೊರಬೇಕು, ಇಂತಿಷ್ಟೇ ಕಡ್ಡಿ ಸಿಗುತ್ತದೆ ಎಂಬ ಷರತ್ತು, ಬಿದ್ದ ಮೇಲೆ ಬದಲಿಸಿ ಕಟ್ಟುವ ಅವಕಾಶ, ಇವೆರಡನ್ನು ಬಾಸ್ಟನ್ನಿನವರಿಂದ ಪಡೆದು ನಮ್ಮ ಕಡ್ಡಿ-ಟ್ಯೂಬಿಗೆ ಸೇರಿಸಿದರೆ ಕಿಟ್ ಕೊಳ್ಳುವ ಅಗತ್ಯವೇ ಇಲ್ಲ.

ಪ್ರಾಥಮಿಕ ಶಾಲೆಯ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೆ. ಅವಧಿ ಸಾಲದಿದ್ದರೆ ಕಥೆಯನ್ನು ಮೊಟಕು ಮಾಡಿ, ಐದು ಹಂತಗಳ ಹೆಸರನ್ನೂ ಬಿಡಿ. ಬಿದ್ದ ಗೋಪುರವನ್ನು ಮತ್ತೆ ಕಟ್ಟಲು ಮಾತ್ರ ಮರುದಿನವಾದರೂ ಒಂದು ಅವಧಿ ಕೊಡಿ.