ಪಕ್ಕದವರು ಬೇಕಾಗುವ ಲೋಕ

2021ರ ಸೆಪ್ಟೆಂಬರ್ 28ರಂದು ಅಮೆಜಾನ್ ಕಂಪನಿಯ ‘ನ್ಯೂ ವರ್ಲ್ಡ್’ ಆನ್‌ಲೈನ್ ಗೇಮ್ ಬಿಡುಗಡೆಯಾದಾಗ, ಲಾಗಿನ್ ಆಗಲು ಜನ ಗಂಟೆಗಟ್ಟಲೆ ಸರದಿಯಲ್ಲಿ ಕಾದರು. ಗೇಮ್‌ಗಳನ್ನು ಮಾರುವ ಸ್ಟೀಮ್ ತಾಣವೊಂದರಲ್ಲೇ ಏಕಕಾಲಕ್ಕೆ ಆಡುತ್ತಿದ್ದವರ ಸಂಖ್ಯೆ 9 ಲಕ್ಷ ದಾಟಿತು. ಆಟದಲ್ಲಿ ಮೆಚ್ಚುವಂಥದ್ದೂ ಇತ್ತು. ಕಾಡಿನಲ್ಲಿ ಯಾರೋ ಕೊಡಲಿಯಿಂದ ಮರ ಕಡಿಯುವ ಸದ್ದು ದೂರದವರೆಗೂ ಕೇಳಿಸುತ್ತಿತ್ತು, ಅತ್ತ ಇನ್ನೊಬ್ಬ ಆಟಗಾರನಿದ್ದಾನೆ ಎಂದು ಕಿವಿಗೇ ಗೊತ್ತಾಗುತ್ತಿತ್ತು. ಆದರೆ ಕೆಲವೇ ತಿಂಗಳಲ್ಲಿ ಬಂದವರಲ್ಲಿ ಬಹುಪಾಲು ಜನ ಹೊರಟುಹೋದರು. ಇನ್ನು ಮುಂದೆ ಹೊಸದೇನನ್ನೂ ಸೇರಿಸುವುದಿಲ್ಲ ಎಂದು 2025ರ ಅಕ್ಟೋಬರ್‌ನಲ್ಲಿ ಕಂಪನಿಯೇ ಪ್ರಕಟಿಸಿತು.

ಸಾವಿರಾರು ಜನ ಒಂದೇ ಲೋಕದಲ್ಲಿ ಪಾತ್ರಗಳಾಗಿ ಬೆರೆತು ಆಡುವ ಇಂಥ ಗೇಮ್‌ಗಳನ್ನು ಆಟಗಾರರು ಎಂಎಂಒ ಎಂದು ಕರೆಯುತ್ತಾರೆ. ಮೊದಲ ವಾರ ಬೆರಗು ಹುಟ್ಟಿಸಿದ ಆಟ ಮೂರನೇ ತಿಂಗಳಿಗೆ ಬಣಗುಟ್ಟುವುದು ಈ ಪ್ರಕಾರದಲ್ಲಿ ಪದೇ ಪದೇ ಆಗಿದೆ. ಗ್ರಾಫಿಕ್ಸ್ ಸಾಲಲಿಲ್ಲ, ಬಗ್‌ಗಳು ಜಾಸ್ತಿ, ಕೊನೆಯ ಲೆವೆಲ್‌ನಲ್ಲಿ ಮಾಡಲು ಕೆಲಸವಿಲ್ಲ ಎಂಬ ಕಾರಣಗಳು ಒಂದೊಂದು ಆಟದ ಮಟ್ಟಿಗೆ ಸರಿ. ನಾಲ್ಕು ದಶಕ ಮೀರಿದ ಈ ಪರಂಪರೆಯನ್ನು ಒಟ್ಟಾಗಿ ನೋಡಿದರೆ ಇನ್ನೊಂದು ಕಾರಣ ಎದ್ದು ಕಾಣುತ್ತದೆ. ಅಪರಿಚಿತ ಆಟಗಾರನೊಬ್ಬ ಎದುರಾದಾಗ ಅವನಿಂದ ಏನಾದರೂ ಆಗಬೇಕಾಗಿದೆ ಅನ್ನಿಸುವ ಲೋಕ ಉಳಿಯುತ್ತದೆ. ಅವನು ಬರೀ ಅಡ್ಡ ಬರುವ ಆಕೃತಿಯಾಗಿ ಕಾಣುವ ಲೋಕ ಬೇಗ ಖಾಲಿಯಾಗುತ್ತದೆ.

ಈ ಬಳ್ಳಿಯ ಬೇರು ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿದೆ. 1978ರಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಆರಂಭಿಸಿ, ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಆಟದಲ್ಲಿ ಚಿತ್ರವೇ ಇರಲಿಲ್ಲ. ಪರದೆಯ ಮೇಲೆ ಬರೀ ಅಕ್ಷರ. ಕೋಣೆಯ ವರ್ಣನೆ ಓದಿ, ಆಜ್ಞೆ ಟೈಪ್ ಮಾಡಿ, ಅದೇ ಕೋಣೆಯಲ್ಲಿದ್ದ ಇನ್ನೊಬ್ಬರೊಡನೆ ಮಾತಾಡಬೇಕಿತ್ತು. ಇಂಥ ಆಟಗಳಿಗೆ ಬರುವವರಲ್ಲಿ ನಾಲ್ಕು ಬಗೆಯಿದೆ ಎಂದು ಬಾರ್ಟಲ್ 1996ರಲ್ಲಿ ಬರೆದರು: ಸಾಧನೆಗೆ ಬರುವವರು, ಹುಡುಕಾಟಕ್ಕೆ ಬರುವವರು, ಮಾತುಕತೆಗೆ ಬರುವವರು, ಇತರರನ್ನು ಕಾಡಲು ಬರುವವರು. ಒಂದು ಬಗೆಯವರ ಸಂಖ್ಯೆ ಏರಿಳಿದರೆ ಮಿಕ್ಕ ಮೂರರ ಮೇಲೂ ಅದರ ಪರಿಣಾಮವಾಗುತ್ತದೆ ಎಂಬುದು ಆ ಬರಹದ ತಿರುಳು. ವರ್ಗೀಕರಣದ ಬಗ್ಗೆ ತಕರಾರುಗಳು ಬಂದಿವೆ, ಆದರೆ ಆಟವನ್ನು ಅದರೊಳಗಿನ ಜನರಿಂದ ಅಳೆಯುವ ಅವರ ಕ್ರಮ ಇವತ್ತಿಗೂ ಹಳತಾಗಿಲ್ಲ.

1997ರ ‘ಅಲ್ಟಿಮಾ ಆನ್‌ಲೈನ್’ ಬಾರ್ಟಲ್ ಮಾತನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೊಡ್ಡಿತು. ಅದನ್ನು ಕಟ್ಟಿದವರಿಗೆ ನಿಜವಾದ ಲೋಕವೊಂದನ್ನೇ ಸೃಷ್ಟಿಸುವ ಹಂಬಲವಿತ್ತು. ತೋಳ ಕುರಿಯನ್ನು ತಿನ್ನಬೇಕು, ಬೇಟೆ ಸಿಗದಿದ್ದರೆ ಮೃಗಗಳು ಊರಿನತ್ತ ನುಗ್ಗಬೇಕು ಎಂಬ ಪರಿಸರ ವ್ಯವಸ್ಥೆಯನ್ನೇ ರಾಫ್ ಕಾಸ್ಟರ್ ಮತ್ತು ಸಂಗಡಿಗರು ರೂಪಿಸಿದ್ದರು. ಆಟಗಾರರು ಕಂಡಕಂಡ ಪ್ರಾಣಿಯನ್ನೆಲ್ಲ ಕೊಂದುಹಾಕಿದ್ದರಿಂದ ಆ ವ್ಯವಸ್ಥೆ ಕೆಲಸಕ್ಕೇ ಬರಲಿಲ್ಲ. ಕೊಲೆ ಪ್ರಾಣಿಗಳಿಗೆ ನಿಲ್ಲಲಿಲ್ಲ. ಊರಾಚೆ ಹೋದ ಹೊಸಬರನ್ನು ಸುಲಿಯುವ ಗುಂಪುಗಳು ಹುಟ್ಟಿಕೊಂಡವು. 2000ದಲ್ಲಿ ಕಂಪನಿ ಇಡೀ ಭೂಪಟದ ಇನ್ನೊಂದು ಪ್ರತಿ ಮಾಡಿ, ಅಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಕೊಲ್ಲುವಂತಿಲ್ಲ ಎಂದು ಕಟ್ಟಳೆ ತಂದಿತು. ಬಹುತೇಕ ಜನ ಅಲ್ಲಿಗೇ ಗುಳೆ ಹೋದರು. ಅಪರಿಚಿತನ ಭಯ ಮಾತ್ರ ಇರುವ ಲೋಕದಲ್ಲಿ ಹೆಚ್ಚಿನವರು ಬಾಳಲಾರರು ಎಂಬುದು ಆಗಲೇ ಸಾಬೀತಾಯಿತು.

‘ಎವರ್‌ಕ್ವೆಸ್ಟ್’ 1999ರ ಮಾರ್ಚ್‌ನಲ್ಲಿ ಬಂತು. ಕಷ್ಟದಲ್ಲಿ ಅದನ್ನು ಮೀರಿಸುವ ಆಟ ಆ ಕಾಲದಲ್ಲಿ ಕಡಿಮೆ. ಒಬ್ಬನೇ ಹೋದರೆ ಬಹುಪಾಲು ಪಾತ್ರಗಳಿಗೆ ಸಾವು ಖಚಿತ. ಸತ್ತರೆ ಗಳಿಸಿದ ಅನುಭವದಲ್ಲಿ ಒಂದು ಪಾಲು ಹೋಗುತ್ತಿತ್ತು. ಕತ್ತಿ, ಕವಚ, ಹಣವೆಲ್ಲ ಸತ್ತ ಜಾಗದಲ್ಲಿ, ಹೆಣದ ಮೇಲೇ ಉಳಿಯುತ್ತಿತ್ತು. ಆಟಗಾರ ಬರಿಗೈಯಲ್ಲಿ ಮತ್ತೆಲ್ಲೋ ಎದ್ದು, ಅದೇ ರಾಕ್ಷಸರ ನಡುವೆ ನುಸುಳಿ ತನ್ನ ಹೆಣವನ್ನು ತಾನೇ ತರಬೇಕಿತ್ತು. ಆಗ ಗುರುತಿಲ್ಲದವರ ನೆರವು ಕೇಳದೆ ಗತಿಯಿರಲಿಲ್ಲ. ಹೆಣವನ್ನು ಹತ್ತಿರಕ್ಕೆ ಎಳೆದುಕೊಡಬಲ್ಲ ಮಾಂತ್ರಿಕನಿಗೆ, ದೂರದ ಊರಿಗೆ ಒಂದೇ ಕ್ಷಣದಲ್ಲಿ ದಾಟಿಸಬಲ್ಲವನಿಗೆ ಎಲ್ಲಿಲ್ಲದ ಬೇಡಿಕೆ.

ಅದೇ ಆಟದಲ್ಲಿ ವ್ಯಾಪಾರ ನಡೆದ ರೀತಿ ಇನ್ನೂ ಸೊಗಸಾದದ್ದು. ಆಟಗಾರರು ತಮ್ಮ ಸರಕನ್ನು ಮಾರಲು ಕಂಪನಿ ಯಾವ ಮಾರುಕಟ್ಟೆಯನ್ನೂ ಕೊಟ್ಟಿರಲಿಲ್ಲ. ಹಲವು ಸರ್ವರ್‌ಗಳಲ್ಲಿ ಅವರು ಈಸ್ಟ್ ಕಾಮನ್‌ಲ್ಯಾಂಡ್ಸ್ ಪ್ರದೇಶದ ಒಂದು ಸುರಂಗವನ್ನು ತಾವೇ ಆರಿಸಿಕೊಂಡರು. ಸಂಜೆ ಹೊತ್ತಿಗೆ ಆ ಸುರಂಗದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಒಬ್ಬ ಕವಚ ಮಾರುತ್ತೇನೆ ಎಂದು ಕೂಗಿದರೆ ಇನ್ನೊಬ್ಬ ಬೆಲೆ ಇಳಿಸು ಎನ್ನುತ್ತಿದ್ದ, ಮೋಸ ಮಾಡಿದವನ ಹೆಸರು ನಾಲ್ಕು ಜನರ ಬಾಯಿಗೆ ಬೀಳುತ್ತಿತ್ತು. ಸುಮಾರು ಎರಡೂಮುಕ್ಕಾಲು ವರ್ಷಗಳ ಬಳಿಕ ಹೊಸ ವಿಸ್ತರಣೆಯೊಂದು ತಾನೇ ವ್ಯಾಪಾರ ನಡೆಸಿಕೊಳ್ಳುವ ಬಜಾರ್ ತಂದಿತು. ಅನುಕೂಲವಾಯಿತು, ಸುರಂಗ ಬರಿದಾಯಿತು. ಮುಂದಿನ ಎರಡು ದಶಕಗಳ ಕತೆಯೆಲ್ಲ ಈ ಒಂದು ಬದಲಾವಣೆಯಲ್ಲೇ ಅಡಗಿದೆ.

2004ರ ನವೆಂಬರ್‌ನಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಈ ಪರಂಪರೆಯ ಅತಿ ದೊಡ್ಡ ಗೆಲುವು. ಸತ್ತರೆ ಅನುಭವ ಹೋಗುವುದನ್ನು ಅದು ತೆಗೆದುಹಾಕಿತು. ಆಡದೆ ವಿಶ್ರಮಿಸಿದವರಿಗೆ ಮರಳಿ ಬಂದಾಗ ಹೆಚ್ಚು ಅನುಭವ ಕೊಟ್ಟಿತು. ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಎಂದು ಕ್ವೆಸ್ಟ್‌ಗಳ ಮೂಲಕ ಕೈಹಿಡಿದು ನಡೆಸಿತು. ಕೆಲಸ ಮುಗಿಸಿ ಮನೆಗೆ ಬಂದು ಒಂದೆರಡು ಗಂಟೆ ಆಡುವವರಿಗೂ ಬಾಗಿಲು ತೆರೆಯಿತು. 2010ರ ಹೊತ್ತಿಗೆ ಚಂದಾದಾರರು 1.2 ಕೋಟಿ ಮುಟ್ಟಿದರು. ಇಷ್ಟಾದರೂ ಮೊದಲ ವರ್ಷಗಳಲ್ಲಿ ಅಲ್ಲಿ ಜನರಿಗೆ ಜನ ಬೇಕಾಗಿದ್ದರು.

2006ರ ಜನವರಿಯ ಆನ್‌ಕಿರಾಜ್ ಘಟನೆಯನ್ನೇ ನೋಡಿ. ಮರುಭೂಮಿಯ ಅಂಚಿನ ಹೆಬ್ಬಾಗಿಲೊಂದು ತೆರೆಯಬೇಕಾದರೆ ಸರ್ವರ್‌ನ ಎರಡೂ ಬಣಗಳ ಆಟಗಾರರು ಸೇರಿ ಅಪಾರ ಪ್ರಮಾಣದಲ್ಲಿ ಬ್ಯಾಂಡೇಜು, ಬೇಯಿಸಿದ ಮಾಂಸ, ಚರ್ಮ, ಗಿಡಮೂಲಿಕೆ, ಲೋಹದ ಗಟ್ಟಿಗಳನ್ನು ಒಟ್ಟುಹಾಕಬೇಕಿತ್ತು. ಊರಿನವರೆಲ್ಲ ತೇರಿನ ಹಗ್ಗಕ್ಕೆ ಕೈಹಾಕಿದಂತೆ, ಮೀನು ಹಿಡಿಯುವ ಹೊಸಬನ ಪಾಲೂ ಅದರಲ್ಲಿ ಸೇರುತ್ತಿತ್ತು. ಇನ್ನೊಂದು ಕಡೆ ಗಿಲ್ಡ್ ಎಂದು ಕರೆಯುವ ಆಟಗಾರರ ಬಲಿಷ್ಠ ಸಂಘಗಳು ತಮ್ಮಲ್ಲೊಬ್ಬನಿಗೆ ರಾಜದಂಡ ದೊರಕಿಸಲು ವಾರಗಟ್ಟಲೆ ದುಡಿದವು. ಆ ದಂಡದಿಂದ ಜಾಗಟೆ ಬಾರಿಸಿದಾಗ ಬಾಗಿಲು ತೆರೆಯಿತು, ಹತ್ತು ಗಂಟೆಗಳ ಯುದ್ಧ ಶುರುವಾಯಿತು. ಸೇರಿದ ಜನರ ಭಾರ ತಾಳದೆ ಸರ್ವರ್‌ಗಳು ಕುಸಿದವು. ತಾಂತ್ರಿಕವಾಗಿ ಅದು ಸೋಲು. ಆದರೂ ಅಂದು ಅಲ್ಲಿದ್ದವರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುವುದು ಆ ದಿನವನ್ನೇ.

2009ರ ಡಿಸೆಂಬರ್‌ನಲ್ಲಿ ಅದೇ ಆಟಕ್ಕೆ ಡಂಜನ್ ಫೈಂಡರ್ ಸೇರಿತು. ಗುಂಡಿ ಒತ್ತಿದರೆ ಬೇರೆ ಬೇರೆ ಸರ್ವರ್‌ಗಳಿಂದ ಐವರನ್ನು ಕೂಡಿಸಿ ನೇರ ಗುಹೆಯೊಳಗೆ ಇಳಿಸುವ ಏರ್ಪಾಡು ಅದು. ಕಾಯುವ ಬೇಸರ ಕಳೆಯಿತು. ಅದರ ಜೊತೆಗೇ ಗಾಯ ಮಾಯಿಸುವ ಒಳ್ಳೆಯ ಹೀಲರ್ ಯಾರು, ಸಿಕ್ಕ ವಸ್ತು ಕದ್ದು ಓಡುವವನು ಯಾರು ಎಂಬ ತಿಳಿವಳಿಕೆಯ ಬೆಲೆಯೂ ಕಳೆಯಿತು. ನಾಳೆ ಮತ್ತೆ ಮುಖ ನೋಡಬೇಕಾಗಿಲ್ಲದವರ ನಡುವೆ ಸೌಜನ್ಯಕ್ಕೆ ಕಾರಣ ಉಳಿಯುವುದಿಲ್ಲ. ಈ ಸೌಕರ್ಯವನ್ನು ಪೂರ್ತಿ ತಪ್ಪೆನ್ನಲಾಗದು. ದಿನಕ್ಕೆ ಒಂದೇ ಗಂಟೆ ಸಿಗುವವರಿಗೆ ಅದೇ ಆಸರೆ. ತಪ್ಪಾದದ್ದು ಕಿತ್ತುಹಾಕಿದ ನಂಟಿನ ಜಾಗದಲ್ಲಿ ಬೇರೆ ನಂಟನ್ನು ನೆಡದೇ ಹೋದದ್ದು.

ವಾರ್‌ಕ್ರಾಫ್ಟನ್ನು ಅನುಕರಿಸಿದವರು ಅದರ ಗೆಲುವಿನ ಹೊರಮೈಯನ್ನಷ್ಟೇ ಎತ್ತಿಕೊಂಡರು. 2008ರ ‘ವಾರ್‌ಹ್ಯಾಮರ್ ಆನ್‌ಲೈನ್’ ಐದೇ ವರ್ಷಕ್ಕೆ ಮುಚ್ಚಿತು. 2014ರಲ್ಲಿ ಬಂದ ‘ವೈಲ್ಡ್‌ಸ್ಟಾರ್’ ಹಳೆಯ ಕಾಠಿಣ್ಯವನ್ನೇ ಬಂಡವಾಳ ಮಾಡಿಕೊಂಡು, ನಲವತ್ತು ಜನ ಸೇರಿ ನಡೆಸುವ ರೇಡ್ ಎಂಬ ದಾಳಿಗೆ ಅರ್ಹತೆ ಗಳಿಸಲು ಉದ್ದನೆಯ ಮೆಟ್ಟಿಲುಗಳನ್ನಿಟ್ಟಿತು. ಅಷ್ಟು ಜನ ಮೆಟ್ಟಿಲು ಹತ್ತಲೇ ಇಲ್ಲ, 2018ರಲ್ಲಿ ಅದಕ್ಕೂ ಬೀಗ ಬಿತ್ತು. ಹೊಸ ಸರಕು ಸೇರಿಸುತ್ತಲೇ ಜನರನ್ನು ಹಿಡಿದಿಡುವುದೂ ಆಗದು: ಡೆವಲಪರ್‌ಗಳು ವರ್ಷವಿಡೀ ಕೂತು ಮಾಡಿದ್ದನ್ನು ಆಟಗಾರರು ತಿಂಗಳೊಳಗೆ ಮುಗಿಸುತ್ತಾರೆ. ಆ ಓಟದಲ್ಲಿ ಗೆದ್ದ ಕಂಪನಿಯಿಲ್ಲ.

ಹಾಗಾದರೆ ಕೈಗೆ ಸಿಗುವ ಆಟದ ಹದ ಮುಖ್ಯವಲ್ಲವೇ? ಖಂಡಿತ ಮುಖ್ಯ. ಗುಂಡಿ ಒತ್ತಿದ ತಕ್ಷಣ ಕತ್ತಿ ಬೀಸಬೇಕು, ಏಟು ಬಿದ್ದದ್ದು ಕಿವಿಗೂ ಕಣ್ಣಿಗೂ ಗೊತ್ತಾಗಬೇಕು. ಆದರೆ ಈ ಹದವೂ ಜನರ ಸಹವಾಸಕ್ಕೆ ಒದಗಬೇಕು. ‘ಫೈನಲ್ ಫ್ಯಾಂಟಸಿ 14’ರಲ್ಲಿ ಮುಖ್ಯ ಏಟುಗಳ ನಡುವೆ ಸಾಮಾನ್ಯವಾಗಿ 2.5 ಸೆಕೆಂಡ್ ಅಂತರ. ವಾರ್‌ಕ್ರಾಫ್ಟ್‌ನಲ್ಲಿ ಅದು 1.5 ಸೆಕೆಂಡ್. ಮೊದಮೊದಲು ನಿಧಾನವೆನಿಸುವ ಆ ಲಯದಲ್ಲಿ ಜೊತೆಗಾರರ ಸ್ಥಿತಿ ನೋಡಲು, ಜಾಗ ಬದಲಿಸಲು ಬಿಡುವು ಸಿಗುತ್ತದೆ. ಬೆಂಗಳೂರಿನಿಂದ ಯುರೋಪಿನ ಸರ್ವರ್‌ಗೆ ಆಡುವವರಿಗೆ ಆಜ್ಞೆ ಹೋಗಿ ಬರಲು ನೂರು ಮಿಲಿಸೆಕೆಂಡ್‌ಗೂ ಹೆಚ್ಚು ಹಿಡಿಯುತ್ತದೆ. ಕ್ಷಣಾರ್ಧದ ಚುರುಕನ್ನೇ ನಂಬಿದ ಆಟದಲ್ಲಿ ಅವರು ಆಡುವ ಮೊದಲೇ ಹಿಂದೆ ಬೀಳುತ್ತಾರೆ, ನಿಧಾನ ಲಯದ ಆಟ ಅವರನ್ನೂ ಒಳಗೆ ಕರೆದುಕೊಳ್ಳುತ್ತದೆ.

‘ಫೈನಲ್ ಫ್ಯಾಂಟಸಿ 14’ರ ಚರಿತ್ರೆಯೇ ಒಂದು ಪಾಠ. 2010ರ ಸೆಪ್ಟೆಂಬರ್‌ನಲ್ಲಿ ಅದು ಮೊದಲು ಬಂದಾಗ ನೋಡಲು ಬಲು ಚೆಂದ, ಆಡಲು ಹಿಂಸೆ. ಅದರಲ್ಲಿನ ಒಂದು ಹೂಕುಂಡಕ್ಕೆ ಆಟಗಾರನ ಪಾತ್ರಕ್ಕೆ ಬೇಕಾದಷ್ಟೇ ಪಾಲಿಗನ್‌ಗಳನ್ನು, ಅಂದರೆ ಆಕೃತಿ ಕಟ್ಟುವ ಚಿಕ್ಕ ತುಣುಕುಗಳನ್ನು, ಸುರಿದಿದ್ದರು ಎಂದು, ಆಮೇಲೆ ಹೊಣೆ ಹೊತ್ತ ನಿರ್ದೇಶಕ ನಾವೊಕಿ ಯೋಶಿದಾ 2014ರಲ್ಲಿ ಬಹಿರಂಗವಾಗಿಯೇ ಹೇಳಿದರು. ಹೂಕುಂಡಗಳ ಭಾರಕ್ಕೆ ಪರದೆಯ ಮೇಲೆ ಹೆಚ್ಚು ಜನರನ್ನು ತೋರಿಸಲು ಆಗುತ್ತಿರಲಿಲ್ಲ. ಜನ ಸೇರಬೇಕಾದ ಆಟದಲ್ಲಿ ಜನರಿಗೇ ಜಾಗವಿರಲಿಲ್ಲ. ಸ್ಕ್ವೇರ್ ಎನಿಕ್ಸ್ ಕಂಪನಿ 2012ರ ನವೆಂಬರ್‌ನಲ್ಲಿ ಹಳೆಯ ಸರ್ವರ್‌ಗಳನ್ನು ಮುಚ್ಚಿ, 2013ರ ಆಗಸ್ಟ್‌ನಲ್ಲಿ ಆಟವನ್ನು ಮರುಕಟ್ಟಿ ತಂದಿತು.

ಅಪರಿಚಿತರ ನಡುವೆ ನಂಟು ನೆಡುವುದು ಹೇಗೆ ಎಂಬ ಹಳೆಯ ಪ್ರಶ್ನೆಗೆ ಹೊಸ ರೂಪದಲ್ಲಿ ಅದು ಉತ್ತರ ಕಂಡುಕೊಂಡಿತು. ಹೊಸಬನೊಬ್ಬ ಆರಂಭದ ಗುಹೆಗೆ ಹೋಗಬೇಕಾದಾಗ ಅನುಭವಿಗಳ ಬಲವನ್ನು ಆ ಮಟ್ಟಕ್ಕೆ ತಗ್ಗಿಸಿ ಅವನೊಡನೆ ಕಳುಹಿಸುವ ಏರ್ಪಾಡು ಅಲ್ಲಿದೆ. ತಂಡದಲ್ಲಿ ಮೊದಲ ಸಲ ಬಂದವರಿದ್ದರೆ ಉಳಿದವರಿಗೆ ಹೆಚ್ಚುವರಿ ಬಹುಮಾನ. ಒಳಗೆ ಕಾಲಿಟ್ಟ ಕೂಡಲೇ ಆ ಸೂಚನೆ ಪರದೆಯಲ್ಲಿ ಕಾಣಿಸುತ್ತದೆ. ಹೊಸಬ ದಾರಿ ತಪ್ಪಿದರೆ ಬೈಯುವ ಬದಲು, ಇಲ್ಲಿ ನಿಲ್ಲಿ, ಆ ಕೆಂಪು ವೃತ್ತದಿಂದ ಹೊರಗೆ ಬನ್ನಿ ಎಂದು ಹೇಳಿಕೊಡಲು ಅನುಭವಿಗೆ ಕಾರಣವಿರುತ್ತದೆ. ಆಟ ಮುಗಿದ ಮೇಲೆ ಪ್ರತಿಯೊಬ್ಬರೂ ತಂಡದ ಒಬ್ಬರಿಗೆ ಮೆಚ್ಚುಗೆ ಸಲ್ಲಿಸಬಹುದು. ಗುಂಡಿ ಒತ್ತಿ ತಂಡ ಕಟ್ಟುವ ಸೌಲಭ್ಯವನ್ನು ಬಿಡದೆಯೇ ಅವರು ಸೌಜನ್ಯಕ್ಕೆ ಬೆಲೆ ತಂದುಕೊಟ್ಟರು. 2021ರ ಡಿಸೆಂಬರ್‌ನಲ್ಲಿ ಬಂದವರ ನೂಕುನುಗ್ಗಲು ತಡೆಯಲಾರದೆ ಕಂಪನಿ ಆಟದ ಮಾರಾಟವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು.

2012ರ ‘ಗಿಲ್ಡ್ ವಾರ್ಸ್ 2’ ಇನ್ನೂ ಸರಳವಾದ ಹೆಜ್ಜೆಯಿಟ್ಟಿತ್ತು. ಒಬ್ಬರು ಅಗೆದ ಅದಿರು ಇನ್ನೊಬ್ಬರಿಗೂ ಸಿಗುತ್ತದೆ. ರಾಕ್ಷಸನನ್ನು ಹೊಡೆಯಲು ಕೈಜೋಡಿಸಿದ ಪ್ರತಿಯೊಬ್ಬರಿಗೂ ಅವರವರ ಪಾಲಿದೆ. ಬಿದ್ದವರನ್ನು ಯಾವ ಪಾತ್ರ ಬೇಕಾದರೂ ಎತ್ತಿ ನಿಲ್ಲಿಸಬಹುದು. ಹಳೆಯ ಆಟಗಳಲ್ಲಿ ಪಕ್ಕದವ ಬಂದರೆ ಪಾಲು ಕಡಿಮೆಯಾಯಿತು ಎಂಬ ಮುನಿಸು ಬರುತ್ತಿತ್ತು. ಇಲ್ಲಿ ಅವನು ಬಂದರೆ ಸಮಾಧಾನ.

ಐಸ್‌ಲ್ಯಾಂಡಿನ ‘ಈವ್ ಆನ್‌ಲೈನ್’ 2003ರಿಂದ ಇದಕ್ಕೆ ವಿರುದ್ಧ ದಾರಿಯಲ್ಲಿ ನಡೆದಿದೆ. ಅಲ್ಲಿ ವಂಚನೆಗೂ ಅವಕಾಶವಿದೆ, ಕಳೆದುಕೊಂಡ ನೌಕೆ ಮರಳಿ ಬಾರದು. 2014ರ ಜನವರಿಯಲ್ಲಿ ಒಂದು ಬಣ ತನ್ನ ನಕ್ಷತ್ರವ್ಯೂಹದ ಬಾಡಿಗೆ ಕಟ್ಟುವುದು ತಪ್ಪಿಹೋಗಿ, ಅದೇ ನೆಪದಲ್ಲಿ ಹೊತ್ತಿಕೊಂಡ ಕಾಳಗ 21 ಗಂಟೆ ನಡೆಯಿತು. 7,500ಕ್ಕೂ ಹೆಚ್ಚು ಆಟಗಾರರು ಸೇರಿದ್ದರು, 75 ಟೈಟಾನ್ ನೌಕೆಗಳು ನಾಶವಾದವು. ಆ ಒಂದೊಂದು ನೌಕೆಯ ಹಿಂದೆ ಹತ್ತಾರು ಜನರ ತಿಂಗಳುಗಟ್ಟಲೆ ದುಡಿಮೆಯಿತ್ತು. ಹೊಸಬರಿಗೆ ಅದು ನಿರ್ದಯಿ ಲೋಕ, ಈ ಕೊರತೆಯನ್ನು ಮುಚ್ಚಿಡಬೇಕಿಲ್ಲ. ಆದರೂ ಎರಡು ದಶಕ ದಾಟಿ ಅದು ಬಾಳುತ್ತಿರುವುದು ಅಲ್ಲಿ ಗಣಿ ಅಗೆಯುವವನಿಲ್ಲದೆ ಸೇನಾಪತಿಯಿಲ್ಲ ಎಂಬ ಕಾರಣಕ್ಕೆ.

ಹೊಸ ಆಟಗಳಿಗೆ ಇನ್ನೆರಡು ಕಂಟಕಗಳಿವೆ. ಮೊದಲನೆಯದು ಬಲವನ್ನೇ ದುಡ್ಡಿಗೆ ಮಾರುವ ಅಂಗಡಿ. ತಿಂಗಳು ದುಡಿದು ಕಮ್ಮಾರನಾದವನು ಮಾಡುವ ಕತ್ತಿಗಿಂತ ಒಳ್ಳೆಯದು ಕ್ರೆಡಿಟ್ ಕಾರ್ಡಿಗೆ ಸಿಕ್ಕರೆ ಆ ಕಮ್ಮಾರ ಯಾರಿಗೆ ಬೇಕು? ಅದೃಷ್ಟದ ಪೆಟ್ಟಿಗೆಗಳು ಅತಿಯಾದ ದಕ್ಷಿಣ ಕೊರಿಯಾದಲ್ಲಿ, ಯಾವ ವಸ್ತು ಸಿಗುವ ಸಂಭವ ಎಷ್ಟು ಎಂಬುದನ್ನು ಕಂಪನಿಗಳು ಪ್ರಕಟಿಸಲೇಬೇಕು ಎಂಬ ಕಾನೂನು 2024ರ ಮಾರ್ಚ್‌ನಲ್ಲಿ ಜಾರಿಗೆ ಬಂತು.

ಎರಡನೆಯದು ಎಲ್ಲವನ್ನೂ ಮೊದಲೇ ತಿಳಿದಿರುವುದು. ವಾರ್‌ಕ್ರಾಫ್ಟ್‌ನ ರಾಗ್ನರೋಸ್ ಎಂಬ ಬಾಸ್‌ನನ್ನು ಮೊದಲ ಬಾರಿ ಮಣಿಸಲು ಬಿಡುಗಡೆಯಿಂದ ಸುಮಾರು ಐದು ತಿಂಗಳು ಹಿಡಿಯಿತು. 2019ರಲ್ಲಿ ಅದೇ ಆಟದ ‘ಕ್ಲಾಸಿಕ್’ ರೂಪ ಬಂದಾಗ ಅವನು ಮೊದಲ ವಾರವೇ ಉರುಳಿದ. ಹದಿನೈದು ವರ್ಷಗಳ ಗೈಡ್‌ಗಳು, ವಿಡಿಯೊಗಳು ಕೈಯಲ್ಲಿದ್ದರೆ ಆಗುವುದೇ ಹೀಗೆ. ಆದರೂ ಕ್ಲಾಸಿಕ್ ಸೋಲಲಿಲ್ಲ. ಅಲ್ಲಿ ಡಂಜನ್ ಫೈಂಡರ್ ಇರಲಿಲ್ಲ, ಐವರನ್ನು ಕೂಡಿಸಲು ಚಾಟ್‌ನಲ್ಲಿ ಕೇಳಬೇಕಿತ್ತು, ಗುಹೆಯ ಬಾಗಿಲವರೆಗೆ ಜೊತೆಯಾಗಿ ನಡೆಯಬೇಕಿತ್ತು. ರಹಸ್ಯ ಬಯಲಾದ ಮೇಲೂ ಜನರನ್ನು ಹಿಡಿದಿಟ್ಟದ್ದು ಆ ನಡಿಗೆ.

ಇದು ಬರೀ ಮನರಂಜನೆಯ ಮಾತಲ್ಲ ಎಂಬುದಕ್ಕೆ 2024ರ ಸಾಕ್ಷ್ಯಚಿತ್ರ ‘ದಿ ರಿಮಾರ್ಕಬಲ್ ಲೈಫ್ ಆಫ್ ಇಬೆಲಿನ್’ ಇದೆ. ಸ್ನಾಯುಗಳು ಕ್ಷಯಿಸುವ ಕಾಯಿಲೆಯಿಂದ 25ರ ಹರೆಯದಲ್ಲಿ ತೀರಿಕೊಂಡ ನಾರ್ವೆಯ ಯುವಕನ ಕತೆ ಅದು. ಮಗ ಒಂಟಿಯಾಗಿಯೇ ಬದುಕಿದ ಎಂದು ತಂದೆತಾಯಿ ಕೊರಗಿದ್ದರು. ಅವನ ಬ್ಲಾಗ್‌ನಲ್ಲಿ ಸಾವಿನ ಸುದ್ದಿ ಬರೆದಾಗ, ವಾರ್‌ಕ್ರಾಫ್ಟ್‌ನಲ್ಲಿ ಅವನ ಜೊತೆಗಿದ್ದವರು ಯುರೋಪಿನ ಹಲವು ಕಡೆಗಳಿಂದ ಪತ್ರ ಬರೆದರು, ಕೆಲವರು ಅಂತ್ಯಕ್ರಿಯೆಗೂ ಬಂದರು.

ಈ ಪ್ರಕಾರದ ಆಟ ಇಂಥ ನಂಟನ್ನು ಕೊಡಬಲ್ಲದು. ಅದನ್ನು ಬಿಟ್ಟು ಭೂಪಟದ ಅಳತೆ, ಪಾಲಿಗನ್‌ಗಳ ಲೆಕ್ಕ, ಕ್ವೆಸ್ಟ್‌ಗಳ ಸಂಖ್ಯೆ ಮುಂದಿಟ್ಟು ಜಾಹೀರಾತು ಮಾಡುವ ಕಂಪನಿಗಳು ತಮ್ಮ ಕೈಯಲ್ಲಿರುವುದರ ಬೆಲೆಯನ್ನೇ ಅರಿತಿಲ್ಲ. ಹೊಸ ಎಂಎಂಒ ಒಂದನ್ನು ಕೊಳ್ಳಲು ಹೊರಟ ಓದುಗರು ಟ್ರೈಲರ್ ನೋಡಿ ತೀರ್ಮಾನಿಸಬೇಡಿ. ಮೊದಲ ವಾರಾಂತ್ಯ ಆಡಿ, ಒಂದು ಗಿಲ್ಡ್ ಸೇರಿ. ಎರಡು ದಿನಗಳಲ್ಲಿ ಗುರುತಿಲ್ಲದ ಯಾರನ್ನಾದರೂ ನೀವು ಮಾತಾಡಿಸಬೇಕಾಗಿ ಬಂತೇ, ನಿಮ್ಮ ನೆರವು ಯಾರಿಗಾದರೂ ಉಪಯೋಗವಾಯಿತೇ ಎಂದು ನೋಡಿ. ಎರಡಕ್ಕೂ ಇಲ್ಲ ಎನ್ನುವ ಉತ್ತರ ಬಂದರೆ ಆ ಆಟಕ್ಕೆ ಮುಂದಿನ ತಿಂಗಳ ಚಂದಾ ಕಟ್ಟಬೇಡಿ.